ಬಾಗಿಲ ಹೊರಗೆ ಕೂತ ಕ್ಲಾರ್ಕ್ ಮಾಮ

ಅವರ ಕರಿ ಶೂಗಳ ಮುಂಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಮ್ಮಡಿಯ ಕಡೆ ಮಾತ್ರ ಪಾಲಿಶ್ ಕಾಣದೆ ಬೂದಿಬಣ್ಣಕ್ಕೆ ತಿರುಗಿತ್ತು. ಕೌನ್ಸಿಲ್ ಕಚೇರಿಯ ಎರಡನೆಯ ಮಹಡಿಯಲ್ಲಿ, ಮುಚ್ಚಿದ ಬಾಗಿಲೊಂದರ ಹೊರಗೆ, ನಾವಿಬ್ಬರೇ ಅಕ್ಕಪಕ್ಕ ಕೂತಿದ್ದೆವು. ಅವರ ಮುಖ ನೋಡುವ ಧೈರ್ಯವಿಲ್ಲದೆ ನಾನು ಶೂ ನೋಡುತ್ತಿದ್ದೆ. ಬಾಗಿಲ ಒಳಗೆ ಮೂವರು ಕೌನ್ಸಿಲರುಗಳು, ಅವರ ಪಕ್ಕ ಒಬ್ಬಳು ಬದಲಿ ಕ್ಲಾರ್ಕ್, ಎದುರಿಗೆ ನನ್ನ ಹೆಂಡತಿ, ಅವಳ ಪರವಾಗಿ ಬಂದ ಯೂನಿಯನ್ನಿನವನು, ಆಚೆ ಬದಿಗೆ ಅವಳನ್ನು ಕೆಲಸದಿಂದ ತೆಗೆದ ಮ್ಯಾನೇಜರ್. ಅವಳ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಎಷ್ಟೋ ವರ್ಷ ಆ ಕೋಣೆಯೊಳಗೆ ಕ್ಲಾರ್ಕ್ ಆಗಿ ಕೂತವರು ಅವತ್ತು ನನ್ನ ಜೊತೆ ಹೊರಗಿದ್ದರು.

ಅದು ತೊಂಬತ್ತರ ದಶಕದ ಕೊನೆ. ನಾವು ಆಗ ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿದ್ದೆವು. ನನಗೆ ಏರ್‌ಪೋರ್ಟಿನಲ್ಲಿ ಲಗೇಜು ಹೊರುವ ಕೆಲಸ. ಅವರು ಎರಡು ರಸ್ತೆ ಆಚೆ ಒಂದು ಫ್ಲ್ಯಾಟಿನಲ್ಲಿ ಒಂಟಿಯಾಗಿದ್ದರು. ಉಡುಪಿ ಕಡೆಯ ಪುರಸಭೆಯಲ್ಲಿ ಗುಮಾಸ್ತರಾಗಿದ್ದು, ಲಂಡನ್ನಿಗೆ ಬಂದ ಮೇಲೆಯೂ ಗುಮಾಸ್ತರೇ ಆದವರು. ಹಾಗಾಗಿ ನಮ್ಮ ಕಡೆಯವರೆಲ್ಲ ಅವರನ್ನು ಕರೆಯುತ್ತಿದ್ದುದು ಕ್ಲಾರ್ಕ್ ಮಾಮ ಎಂದೇ. ನಮ್ಮ ಮನೆಮಾತು ಕೊಂಕಣಿ, ಅವರದು ತುಳು, ನಡುವೆ ಕನ್ನಡ. ನನ್ನ ಮಕ್ಕಳು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವರು ಕಿವಿ ಮುಂದೆ ಮಾಡಿ, "ಎಂತ? ಕೇಳಲಿಲ್ಲ" ಎನ್ನುತ್ತಿದ್ದರು. ಕನ್ನಡ ಬರುವವರೆಗೂ ಆ ಕಿವಿಗೆ ಏನೂ ಕೇಳುತ್ತಿರಲಿಲ್ಲ.

ಶೂ ವಿಷಯ ನಾನೊಮ್ಮೆ ಕೇಳಿದ್ದೆ. "ಮಾಮ, ಅರ್ಧ ಶೂಗೆ ಮಾತ್ರ ಯಾಕೆ ಪಾಲಿಶು?"

"ಮುಂದಿನಿಂದ ನೋಡುವವರು ಕೌನ್ಸಿಲರುಗಳು ಮಾರಾಯ. ಹಿಂದಿನಿಂದ ನೋಡುವವನು ದೇವರು. ಅವನಿಗೆ ಪಾಲಿಶು ಹಚ್ಚಿ ಎಂತ ಪ್ರಯೋಜನ?"

ಅವರು ಕೆಲಸ ಮಾಡುತ್ತಿದ್ದುದು ಕೌನ್ಸಿಲಿನ, ಅಂದರೆ ಅಲ್ಲಿಯ ಪುರಸಭೆಯ, ನೌಕರರ ಸಮಿತಿಯಲ್ಲಿ. ದೊಡ್ಡ ಹುದ್ದೆಗೆ ಜನ ಆರಿಸುವುದು, ಕೆಲಸದಿಂದ ತೆಗೆದವರ ಮೇಲ್ಮನವಿ ಕೇಳುವುದು ಆ ಸಮಿತಿಯ ಹೊಣೆ. ತೀರ್ಪು ಕೊಡುವವರು ಮೂವರು ಕೌನ್ಸಿಲರುಗಳು. ಮಾಮನ ಕೆಲಸ ನಡೆದದ್ದನ್ನು ಬರೆದುಕೊಳ್ಳುವುದು, ನಿಯಮ ಏನು ಹೇಳುತ್ತದೆ ಎಂದು ಅವರಿಗೆ ತಿಳಿಸುವುದು. "ನನಗೆ ವೋಟಿಲ್ಲ, ಬಾಯಿ ಮಾತ್ರ ಉಂಟು. ಅದೂ ಪುಸ್ತಕದಲ್ಲಿ ಇದ್ದದ್ದನ್ನು ಓದಲಿಕ್ಕೆ" ಎನ್ನುತ್ತಿದ್ದರು.

ಆ ಬಾಯಿಯ ಪ್ರತಾಪ ಒಂದು ಹೇಳುತ್ತೇನೆ. ಒಂದು ಹುದ್ದೆಗೆ ನಾಲ್ವರ ಸಂದರ್ಶನ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಬೇಕೆಂಬುದು ನಿಯಮ. ಮೊದಲನೆಯವನು ಒದ್ದೆ ಕೋಟಿನಲ್ಲಿ ಒಳಗೆ ಬಂದಾಗ ಒಬ್ಬ ಕೌನ್ಸಿಲರ್ ಸೌಜನ್ಯಕ್ಕೆ, "ಹೊರಗೆ ಮಳೆ ಜೋರಾ?" ಎಂದು ಕೇಳಿಬಿಟ್ಟರಂತೆ. ಮಾಮ ಅದನ್ನೂ ಒಂದು ಪ್ರಶ್ನೆ ಎಂದು ಬರೆದುಕೊಂಡರು. ಎರಡನೆಯವಳಿಗೂ ಕೇಳಿಸಿದರು, ಮೂರನೆಯವನಿಗೂ ಕೇಳಿಸಿದರು. ನಾಲ್ಕನೆಯವಳು ಬರುವಷ್ಟರಲ್ಲಿ ಕಿಟಕಿಯಲ್ಲಿ ಚುರುಗುಟ್ಟುವ ಬಿಸಿಲು. ಕೌನ್ಸಿಲರ್ ಮಾಮನ ಮುಖ ನೋಡಿದರು. ಮಾಮ ಪೆನ್ನು ಹಿಡಿದು ಕಾದರು. ಕೊನೆಗೆ ಆ ದೊಡ್ಡ ಮನುಷ್ಯ ಬಿಸಿಲಲ್ಲೇ ಕೂತು, "ಹೊರಗೆ ಮಳೆ ಜೋರಾ?" ಎಂದು ಕೇಳಿದರು. ಪಾಪ, ಅವಳು ಇದು ಯಾವುದೋ ಬುದ್ಧಿ ಪರೀಕ್ಷೆ ಎಂದುಕೊಂಡು ಐದು ನಿಮಿಷ ಉತ್ತರ ಕೊಟ್ಟಳಂತೆ.

"ಸಿಕ್ಕಿತಾ ಅವಳಿಗೆ ಕೆಲಸ?" ಎಂದು ನನ್ನ ಹೆಂಡತಿ ಕೇಳಿದರೆ, "ಅದು ಗುಟ್ಟು ತಂಗಿ. ಬಂಗುಡೆ ಇನ್ನೊಂದು ತುಂಡು ಹಾಕು" ಎಂದರು.

ಪ್ರತಿ ಭಾನುವಾರ ನಾವು ಚರ್ಚಿನಿಂದ ಬರುವ ಹೊತ್ತಿಗೆ ಅವರು ನಮ್ಮ ಗೇಟಿನಲ್ಲಿ ಪೇಪರ್ ಓದುತ್ತ ನಿಂತಿರುತ್ತಿದ್ದರು. ಮಧ್ಯಾಹ್ನದ ಊಟ ನಮ್ಮಲ್ಲೇ.

ನನ್ನ ಹೆಂಡತಿ ಕೌನ್ಸಿಲಿನ ಪರವಾಗಿ ಮುದುಕರ ಮನೆಗಳಿಗೆ ಹೋಗಿ ಸ್ನಾನ, ಅಡುಗೆ, ಮದ್ದು ನೋಡಿಕೊಳ್ಳುತ್ತಿದ್ದಳು. ಒಂಬತ್ತು ವರ್ಷ ಒಂದು ಮಾತು ಬಂದದ್ದಿಲ್ಲ. ಒಬ್ಬ ಇಂಗ್ಲಿಷ್ ಅಜ್ಜಿ ಒಂದು ಚಳಿಗಾಲ ತನ್ನ ಹಳೆಯ ಉಣ್ಣೆ ಕೋಟು ಇವಳಿಗೆ ಕೊಡಲು ಹೊರಟಳು. ಇವಳು ಎರಡು ಸಲ ಬೇಡವೆಂದಳು. ಮೂರನೆಯ ಸಲ ಅಜ್ಜಿ ಅತ್ತೇಬಿಟ್ಟಳು. ಇವಳು ತೆಗೆದುಕೊಂಡು ಅವತ್ತೇ ಸೂಪರ್‌ವೈಸರಿಗೆ ಫೋನು ಮಾಡಿದಳು. ಉಡುಗೊರೆ ತೆಗೆದುಕೊಂಡರೆ ಪುಸ್ತಕದಲ್ಲಿ ಬರೆಸಬೇಕು, ಅದು ನಿಯಮ. ಆಕೆ "ಬರೆದುಕೊಳ್ತೇನೆ" ಅಂದಳು, ಬರೆಯಲಿಲ್ಲ. ಅಜ್ಜಿ ಆಸ್ಪತ್ರೆ ಸೇರಿದ ಮೇಲೆ ಅವಳ ಅಣ್ಣನ ಮಗ ಕೋಟೆಲ್ಲಿ ಎಂದು ಕೌನ್ಸಿಲಿಗೆ ದೂರು ಬರೆದ. ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದ ಸೂಪರ್‌ವೈಸರ್ ತನಗೆ ನೆನಪಿಲ್ಲ ಎಂದಳು. ಇವಳನ್ನು ತೆಗೆದರು.

ಮೇಲ್ಮನವಿಗೆ ಅವಕಾಶವಿದೆ ಎಂದು ಗೊತ್ತಾದಾಗ ನಾವು ಒಳಗೊಳಗೇ ಹಿಗ್ಗಿದೆವು. ಆ ಕೋಣೆಯಲ್ಲಿ ನಮ್ಮ ಮಾಮ ಇದ್ದಾರಲ್ಲ! ಆ ಭಾನುವಾರ ಅವರು ಬಂದರು, ಆದರೆ ಕೋಟು ಬಿಚ್ಚಲಿಲ್ಲ, ಕೂರಲೂ ಇಲ್ಲ.

"ತಂಗಿ, ಅವತ್ತು ನಾನು ಒಳಗೆ ಇರುವುದಿಲ್ಲ. ಪರಿಚಯ ಉಂಟು ಅಂತ ಬರೆದು ಕೊಟ್ಟಾಯಿತು."

"ನಿಮಗೆ ವೋಟೇ ಇಲ್ಲವಲ್ಲ ಮಾಮ!"

"ಇಲ್ಲ. ಆದರೂ ಹೇಳಬೇಕು. ನಿನ್ನ ಕೈಯ ಮೀನು ತಿಂದವ ನಾನು."

"ಹಾಗಾದ್ರೆ ನಿಮಗೆ ಮೀನು ಬಡಿಸಿದ್ದೇ ನನ್ನ ತಪ್ಪು ಅನ್ನಿ."

ಅವರು ಹೊರಟು ನಿಂತರು. ನಾನು ಬಾಗಿಲವರೆಗೆ ಹೋಗಿ, ಬದಲಿಗೆ ಬರುವವಳಿಗಾದರೂ ಎಲ್ಲ ಸರಿಯಾಗಿ ಹೇಳಿಕೊಡಿ ಮಾಮ, ಹೊಸಬಳಂತೆ, ಎಂದೆ. ಅವರು ತಲೆ ಅಲ್ಲಾಡಿಸಿದರು. "ಅವಳ ಕಿವಿಯಲ್ಲಿ ನಾನು ಹೇಳಿದರೆ, ನಾನೇ ಒಳಗೆ ಕೂತ ಹಾಗಾಗುವುದಿಲ್ವಾ ಮಾರಾಯ? ಪುಸ್ತಕ ಉಂಟು. ಅವಳು ಓದ್ತಾಳೆ."

ಅವಳು ಓದಲಿಲ್ಲ.

ಕಾರಿಡಾರಿನಲ್ಲಿ ನಾವು ಎರಡು ಗಂಟೆ ಕೂತಿದ್ದೆವು. ವಾದ ಮುಗಿದು, ಎಲ್ಲರನ್ನೂ ಹೊರಗೆ ಕಳಿಸಿ, ಕೌನ್ಸಿಲರುಗಳು ಮಾತಾಡಿಕೊಂಡು, ಮತ್ತೆ ಒಳಗೆ ಕರೆದರು. ಹೆಂಡತಿ ಹೊರಗೆ ಬಂದಾಗ ಅವಳ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಹಿಂದೆಯೇ ಹಿರಿಯ ಕೌನ್ಸಿಲರೊಬ್ಬರು ಬಂದರು. ಒಳ್ಳೆಯ ಹೆಂಗಸು. ಇವಳ ಕೈ ಹಿಡಿದು ಮೆಲ್ಲಗೆ, "ನಮ್ಮ ಕೈ ಕಟ್ಟಿತ್ತಮ್ಮ. ನೀವು ಬರೆಸದೆ ಕೋಟು ಇಟ್ಟುಕೊಂಡದ್ದು ಪೂರ್ತಿ ಸರಿ ಅನ್ನುವ ಹಾಗಿರಲಿಲ್ಲ. ಒಂದು ಎಚ್ಚರಿಕೆ ಪತ್ರ ಕೊಟ್ಟು ನಿಮ್ಮನ್ನು ಉಳಿಸಿಕೊಳ್ಳುವ ದಾರಿ ಇದ್ದಿದ್ದರೆ ಖಂಡಿತ ಹಾಗೆ ಮಾಡುತ್ತಿದ್ದೆವು" ಎಂದರು.

ಮಾಮ ಎದ್ದು ನಿಂತರು. "ಇದೆಯಲ್ಲ ಮೇಡಮ್. ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನಿಮಗಿದೆ. ಒಂಬತ್ತನೆಯ ನಿಯಮ, ಎರಡನೆಯ ಭಾಗ."

"ನಮಗೆ ಯಾರೂ ಹೇಳಲಿಲ್ಲ. ಮನವಿಯನ್ನು ಪೂರ್ತಿ ಒಪ್ಪಬೇಕು, ಇಲ್ಲವೇ ತಳ್ಳಿಹಾಕಬೇಕು ಎಂದುಕೊಂಡೆವು."

ಯೂನಿಯನ್ನಿನವನೂ ಅದನ್ನು ಕೇಳಿರಲಿಲ್ಲ. ತಪ್ಪೇ ಆಗಿಲ್ಲ ಎಂದಷ್ಟೇ ವಾದಿಸಿದ್ದ. ಬದಲಿ ಕ್ಲಾರ್ಕ್ ಕಾಗದಗಳನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಾಮ ಅವಳತ್ತ ಕೈ ಚಾಚಿದರು, ಏನೋ ಹೇಳಲು ಹೋದರು, ಕೈ ಕೆಳಗಿಳಿಯಿತು. ತೀರ್ಪು ಓದಿ ಸಹಿ ಹಾಕಿ ಆಗಿತ್ತು. ಆ ಸಹಿ ಬಿದ್ದ ಮೇಲೆ ಏನಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕಟ್ಟಡದಲ್ಲಿ ಇರಲಿಲ್ಲ.

ಆದರೂ ಮೇಲಧಿಕಾರಿಗೆ ಪತ್ರ ಬರೆದರು. ಉತ್ತರ ಬಂತು: ಸಮಿತಿಯ ತೀರ್ಮಾನವೇ ಅಂತಿಮ. ಜೊತೆಗೆ ನಿಯಮದ ಒಂದು ಪ್ರತಿ. ಅದನ್ನು ನನಗೆ ತೋರಿಸಿ, "ಟೈಪ್ ಮಾಡಿದವ ನಾನೇ ಮಾರಾಯ" ಎಂದರು. ನಗಲು ನೋಡಿದರು, ಆಗಲಿಲ್ಲ. ನಿವೃತ್ತಿಯಾಗುವ ಮುನ್ನ ಹಟ ಹಿಡಿದು ಆ ನಿಯಮಕ್ಕೆ ಒಂದು ಸಾಲು ಸೇರಿಸಿದರು: ಕೌನ್ಸಿಲರುಗಳು ಚರ್ಚೆಗೆ ಕೂರುವ ಮೊದಲು ಅವರಿಗಿರುವ ಅಧಿಕಾರಗಳನ್ನೆಲ್ಲ ಕ್ಲಾರ್ಕ್ ಗಟ್ಟಿಯಾಗಿ ಓದಿ ಹೇಳಬೇಕು. ನಮಗೆ ಅದರಿಂದ ಏನೂ ಆಗುವುದಿರಲಿಲ್ಲ.

ಹೆಂಡತಿಗೆ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಟ್ರೇಗಳು ಮಾತಾಡುವುದಿಲ್ಲ, ಅಜ್ಜಿಯರು ಮಾತಾಡುತ್ತಿದ್ದರು ಎನ್ನುತ್ತಿದ್ದಳು. ಮಾಮನ ಮೇಲೆ ಅವಳಿಗೆ ಸಿಟ್ಟಿತ್ತೇ ಎಂದರೆ, ಇತ್ತು. ಸುಮಾರು ಎರಡು ವರ್ಷ ಭಾನುವಾರದ ಗೇಟು ಖಾಲಿಯಾಗಿತ್ತು. ಅವರಾಗಿ ಬರಲಿಲ್ಲ, ನಾವಾಗಿ ಕರೆಯಲಿಲ್ಲ. ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು ಎಂದು ಕೇಳಿದ ದಿನ ಅವಳು ಗಂಜಿ ಕಟ್ಟಿಕೊಂಡು ಹೊರಟಳು. ಆಮೇಲೆ ವಾರಕ್ಕೆ ಮೂರು ದಿನ ಹೋದಳು. ಸ್ನಾನ, ಅಡುಗೆ, ಮದ್ದು: ಅವಳಿಗೆ ಬರುತ್ತಿದ್ದ ಅದೇ ಕೆಲಸ.

ಅವರು ಏನಾದರೂ ಕೊಡಲು ನೋಡುತ್ತಲೇ ಇದ್ದರು. ರೇಡಿಯೊ ತಗೊ, ಕಂಚಿನ ದೀಪ ತಗೊ. ಇವಳು, "ಬೇಡ ಮಾಮ. ಎಲ್ಲಿ ಬರೆಸುವುದು ನಾನು?" ಎನ್ನುತ್ತಿದ್ದಳು. ಮೊದಲ ಸಲ ಕುಟುಕಲೆಂದೇ ಅಂದದ್ದು. ಅವರು ಮುಖ ಗೋಡೆಗೆ ತಿರುಗಿಸಿದರು. ಆಮೇಲಾಮೇಲೆ ಇಬ್ಬರೂ ಅದಕ್ಕೆ ನಗುವಂತಾದರು. ಒಂದು ದಿನ ಮಾತ್ರ ಅವರು ನಗದೆ ಹೇಳಿದರು: "ಹೊರಗೆ ಬಂದದ್ದು ಸರಿ ತಂಗಿ. ಆ ಹೊಸ ಕ್ಲಾರ್ಕಿಗೆ ಹೇಳಿಕೊಡದೆ ಬಂದದ್ದು ಸರಿಯಾ ತಪ್ಪಾ, ಅದು ನನಗೆ ಈಗಲೂ ಗೊತ್ತಾಗುವುದಿಲ್ಲ."

ಇವಳು ಮದ್ದಿನ ಮಾತ್ರೆ ಎಣಿಸಿ ಅವರ ಬಲಗೈಗೆ ಇಟ್ಟಳು.

ಅವರು ತೀರಿಹೋದದ್ದು ಎರಡು ಸಾವಿರನೆಯ ಇಸವಿಯಿಂದ ಈಚೆಗೆ, ಒಂದು ಫೆಬ್ರವರಿ ತಿಂಗಳಲ್ಲಿ. ಲಂಡನ್ನಿನ ಇನ್ನೊಂದು ಬದಿಯ ಕೊಲಿಂಡೇಲ್‌ನಲ್ಲಿದ್ದ ಅವರ ತಂಗಿಯ ಮಗ ಬಂದು ಎಲ್ಲ ನೋಡಿಕೊಂಡ. ದಹನಕ್ಕೆ ತೊಡಿಸಲು ಸೂಟು ತೆಗೆದಿಟ್ಟ. ನನ್ನ ಹೆಂಡತಿ ಆ ಕರಿ ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಪಾಲಿಶ್ ಮಾಡಿದಳು. ಮುಂಭಾಗ ಬೇಗ ಆಯಿತು. ಹಿಮ್ಮಡಿಗೆ ತುಂಬ ಹೊತ್ತು ಹಿಡಿಯಿತು.

ಮರುದಿನ ಅವನು ಶೂಗಳನ್ನು ಚೀಲದಲ್ಲಿ ವಾಪಸು ತಂದ. ದಹನಕ್ಕೆ ಚರ್ಮದ ಶೂ ಹಾಕುವಂತಿಲ್ಲವಂತೆ, ಅಲ್ಲಿಯ ನಿಯಮ. "ಇದನ್ನೇನು ಮಾಡಲಿ ಆಂಟಿ?" ಎಂದು ಕೇಳಿದ.

ಎಲ್ಲಿ ಬರೆಸುವುದು ಎಂದು ಕೇಳದೆ ಅವಳು ಚೀಲ ತೆಗೆದುಕೊಂಡಳು.