ನಾನು ಹೋಗದ ಆ ಮಂಗಳವಾರ

ಗಾಳಿ, ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನಂಬಿಕೆ ಇರಲಿಲ್ಲ ಎನ್ನುವುದಷ್ಟೇ ಅಲ್ಲ, ಅಂಥ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತಿತ್ತು. ನನ್ನ ಕೆಲಸ ಹಾಗಿತ್ತು. ಬಣವೆ ಸುಟ್ಟ ಊರಿಗೆ ಹೋಗಿ ಬೆಂಕಿ ಹೇಗೆ ಬಿತ್ತು ಎಂದು ಕೇಳಿದರೆ, ಅದು ತಾನಾಗಿಯೇ ಹತ್ತಿಕೊಂಡಿತು, ದೇವರ ಸಿಟ್ಟು ಎಂದು ಹೇಳುವವರು ಪ್ರತಿ ಊರಿನಲ್ಲೂ ಇರುತ್ತಿದ್ದರು. ದೇವರ ತಲೆಗೆ ಕಟ್ಟಿದರೆ ಮುಗಿಯಿತು, ಮುಂದಿನ ವರ್ಷವೂ ಅದೇ ಜಾಗದಲ್ಲಿ ಬಣವೆ ಒಟ್ಟಬಹುದು. ಹಾಗಾಗಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂಬುದನ್ನು ನಾನು ಸಂಬಳ ತೆಗೆದುಕೊಂಡು ನಂಬುತ್ತಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ಇದ್ದೇನೆ. ಈ ಒಂದು ವಿಷಯ ಮಾತ್ರ ಎಲ್ಲಿಯೂ ಹೊಂದಿಕೆಯಾಗದೆ ಉಳಿದಿದೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದ ಅಗ್ನಿಶಾಮಕ ಠಾಣೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಬೆಂಕಿ ಬಿದ್ದ ಮೇಲೆ ಗಂಟೆ ಬಾರಿಸಿಕೊಂಡು ಓಡುವುದು ಠಾಣೆಯ ಉಳಿದವರ ಕೆಲಸ. ಬೀಳದ ಹಾಗೆ ಮೊದಲೇ ಊರೂರಿಗೆ ಹೋಗಿ ಹೇಳುವ ಕೆಲಸವನ್ನು ಸಾಹೇಬರು ನನಗೆ ವಹಿಸಿದ್ದರು. ನನ್ನ ಜೊತೆ ಒಂದು ಹಳೆಯ ಜೀಪು, ಅದರ ಹಿಂದೆ ಕಟ್ಟಿದ ಸಣ್ಣ ಪಂಪು, ಡ್ರೈವರ್ ಬಾಷಾ. ಬಾಷಾ ನನಗಿಂತ ತುಂಬ ಹಿರಿಯ. ಆದರೂ ಸಾರ್ ಎಂದೇ ಕರೆಯುತ್ತ, ಆ ಸಲುಗೆಯಲ್ಲೇ ನನ್ನನ್ನು ಗೇಲಿ ಮಾಡುತ್ತಿದ್ದ.

ನನಗೆ ಶಾಲೆಯ ದಿನಗಳಿಂದಲೂ ಡೈರಿ ಬರೆಯುವ ಅಭ್ಯಾಸ. ಯಾವ ಊರಿನಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಬೆಂಕಿ ಬಿತ್ತು ಎಂದು ಬರೆದಿಡುತ್ತ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೇಸಗೆಯ ಬೆಂಕಿಗಳು ಬುಧವಾರ ಮತ್ತು ಶನಿವಾರದ ಬೆಳಗ್ಗೆಯೇ ಹೆಚ್ಚು. ಠಾಣೆಯಲ್ಲಿ ಹೇಳಿದರೆ ನಕ್ಕರು. ಕಾರಣ ಗೊತ್ತಾದದ್ದು ಮದಕರಿಪುರದ ಒಂದು ಹಿತ್ತಿಲಿನಲ್ಲಿ. ನಮ್ಮ ಕಡೆ ಮಂಗಳವಾರ, ಶುಕ್ರವಾರ ಮನೆಯ ಬೂದಿಯನ್ನು ಹೊರಗೆ ಹಾಕುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಾರೆ. ಆ ದಿನದ ಬೂದಿ ಒಲೆಯ ಮಗ್ಗುಲಲ್ಲೇ ಗುಡ್ಡೆಯಾಗಿರುತ್ತದೆ. ಮಾರನೆಯ ಬೆಳಗ್ಗೆ ಎರಡು ದಿನದ್ದು ಒಟ್ಟಿಗೆ ಪುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿಯುತ್ತಾರೆ. ಮೇಲೆ ತಣ್ಣಗಿರುತ್ತದೆ, ಒಳಗೆ ಕೆಂಡ ಜೀವಂತವಾಗಿರುತ್ತದೆ. ತಿಪ್ಪೆಯ ಪಕ್ಕದಲ್ಲಿ ಬಣವೆ. ಬೆಳಗಿನ ಗಾಳಿ ಬಂದರೆ ಸಾಕು.

ಬೂದಿಗೆ ನೀರು ಹಾಕಿ ಎಂದರೆ ಹೆಂಗಸರು ಒಪ್ಪುತ್ತಿರಲಿಲ್ಲ, ಅದು ಸಾವಿನ ಮನೆಯಲ್ಲಿ ಮಾಡುವ ಕೆಲಸ. ಕೊನೆಗೆ ಹಿತ್ತಿಲಿನಲ್ಲಿ ಒಂದು ಹಳೆಯ ಗಡಿಗೆ ಇಟ್ಟು, ಬೂದಿಯನ್ನು ಅದರಲ್ಲಿ ಹಾಕಿ, ಕಲ್ಲು ಮುಚ್ಚಿ, ಒಂದು ದಿನ ಬಿಟ್ಟು ತಿಪ್ಪೆಗೆ ಹಾಕಿರಿ ಎಂದು ಹೇಳತೊಡಗಿದೆ. ಇದಕ್ಕೆ ಹೆಚ್ಚಿನವರು ಒಪ್ಪಿದರು. ಠಾಣೆಯಲ್ಲಿ ನನಗೆ ಬೂದಿ ಸಾಹೇಬ ಎಂಬ ಹೆಸರು ಬಿತ್ತು.

ರಾಮಗಿರಿಯಿಂದ ಸ್ವಲ್ಪ ಒಳಗೆ ಕುರಿ ಸಾಕುವವರ ಒಂದು ಹಟ್ಟಿಯಿತ್ತು. ಅಲ್ಲಿಯೂ ಗಡಿಗೆಯ ಮಾತಿಗೆ ಒಪ್ಪಿದ್ದರು. ಒಪ್ಪದೆ ಉಳಿದದ್ದು ಇನ್ನೊಂದು ವಿಷಯ. ಹೆರಿಗೆಯಾದ ಹೆಂಗಸು ಕೆಲವು ಕಾಲ ಹಟ್ಟಿಯ ಹೊರಗೆ ಪ್ರತ್ಯೇಕ ಗುಡಿಸಲಿನಲ್ಲಿ ಇರಬೇಕು ಎಂಬುದು ಅವರ ಕಟ್ಟಳೆ. ಹಟ್ಟಿಯ ಹಿರಿಯಳಾದ ಸಿದ್ದಜ್ಜಿಯ ಮೊಮ್ಮಗಳು ಈರಮ್ಮ ಹಸುಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಅಂಥ ಗುಡಿಸಲಿನಲ್ಲಿದ್ದಳು. ಎಲ್ಲ ಒಣ ಹುಲ್ಲು. ಮಂಚದ ಕೆಳಗೆ ಕಾಯಿಸಿಕೊಳ್ಳಲು ಕೆಂಡದ ಮಡಕೆ. ಹೊರಗೆ ಒಂದು ಮಾರು ದೂರದಲ್ಲಿ ಬಣವೆ, ಅದರ ಆಚೆ ತಿಪ್ಪೆ. ಬಗ್ಗಿ ಒಳಗೆ ಹೋಗುವಂಥ ಒಂದೇ ಬಾಗಿಲು.

ನಾನು ಎರಡು ಸಲ ಹೋಗಿ ಅಜ್ಜಿಯ ಹತ್ತಿರ ವಾದ ಮಾಡಿದೆ. ಬಾಣಂತಿಯನ್ನು ಮನೆಯೊಳಗೆ ಕರೆದುಕೊಳ್ಳಿ ಎಂದೆ. ಅಜ್ಜಿ ನನ್ನ ಮೇಲೆ ಕೂಗಾಡಲಿಲ್ಲ. ಕುಂತ್ಕಳಪ್ಪ ಎಂದು ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಕೇಳಿದ ಮೇಲೆ, "ನಿನ್ ಬೆಂಕಿಗಿಂತ ನಮ್ ದೇವ್ರು ದೊಡ್ಡದು ಕಣಪ್ಪ. ನಾನೂ ಅದ್ರಾಗೇ ಹೆತ್ತಿದೀನಿ, ನಮ್ಮವ್ವನೂ ಅದ್ರಾಗೇ ಹೆತ್ತಿದ್ಳು" ಎಂದು ಮುಗಿಸಿದರು. ಮಂಗಳವಾರ ಸಂಜೆಯೊಳಗೆ ಮತ್ತೆ ಬರುತ್ತೇನೆ ಎಂದು ಹೇಳಿ ಹೊರಟೆ. ಬಾಯಿಮಾತಿಗೆ ಹೇಳಿದ್ದಲ್ಲ. ಯುಗಾದಿ ಕಳೆದು ಗಾಳಿ ಜೋರಾಗುತ್ತಿತ್ತು. ಬುಧವಾರಕ್ಕೆ ಮುಂಚೆ ಇನ್ನೊಂದು ಸಲ ಹೇಳಲೇಬೇಕು ಎಂದು ನನ್ನ ಮನಸ್ಸಿಗೆ ಬಂದಿತ್ತು.

ಆ ಮಂಗಳವಾರ ಹೊಸದುರ್ಗದಲ್ಲಿ ಕೊಬ್ಬರಿ ಗೋದಾಮುಗಳನ್ನು ನೋಡುವ ಕೆಲಸವಿತ್ತು. ಮಧ್ಯಾಹ್ನಕ್ಕೆ ಮುಗಿಸಿ ರಾಮಗಿರಿಗೆ ಹೊರಟೆವು. ಊರಿನ ಹೊರಗೆ ಬರುತ್ತಿದ್ದಂತೆ ಜೀಪು ನಿಂತಿತು. ಬಾಷಾ ಬಾನೆಟ್ ತೆಗೆದು ನೋಡಿ ತಲೆಯಾಡಿಸಿದ. ಸಾಮಾನು ತರಲು ಆಳು ಕಳುಹಿಸಿ ರಸ್ತೆ ಬದಿಯಲ್ಲಿ ಕುಳಿತೆವು. ಆ ಕಡೆಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು, ನಡೆದು ಕತ್ತಲೆಯೊಳಗೆ ಮುಟ್ಟುವ ದೂರವೂ ಅಲ್ಲ. ಸುಮ್ಮನೆ ಕೂರಲಾಗದೆ ನಾನೂ ಕೈ ಹಾಕಲು ಹೋಗಿ ಫ್ಯಾನಿನ ರೆಕ್ಕೆಗೆ ಅಂಗೈ ಕೊಯ್ದುಕೊಂಡೆ. ಬಾಷಾ ಬೈಯುತ್ತ ತನ್ನ ಕೆಂಪು ರುಮಾಲನ್ನು ಬಿಗಿದು ಕಟ್ಟಿದ.

ಹೊತ್ತು ಇಳಿಯುತ್ತ ನನ್ನ ಚಡಪಡಿಕೆ ಹೆಚ್ಚಾಯಿತು. ಅಷ್ಟು ಕಳವಳ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಕುಳಿತರೆ ಏಳುವುದು, ಎದ್ದರೆ ರಸ್ತೆಯ ತಿರುವಿನವರೆಗೆ ಹೋಗಿ ಬರುವುದು. ಹಾಗೆ ಅಡ್ಡಾಡುತ್ತಿದ್ದಾಗ ಒಂದು ಉಪಾಯ ಹೊಳೆಯಿತು. ಬಾಣಂತಿ ಹಟ್ಟಿಯ ಹೊರಗಿರಬೇಕು ಎಂಬುದು ತಾನೇ ಕಟ್ಟಳೆ? ಗುಡಿಸಲಿನಲ್ಲೇ ಇರಬೇಕು ಎಂದೇನೂ ಇಲ್ಲವಲ್ಲ. ಹಟ್ಟಿಯ ಶಾಲೆ ರಸ್ತೆಯ ಆಚೆ, ಹಟ್ಟಿಯ ಹೊರಗೇ ಇದೆ. ಕಲ್ಲಿನ ಗೋಡೆ, ಹೆಂಚಿನ ಮಾಡು. ಪರೀಕ್ಷೆ ಮುಗಿದು ರಜೆ ಬೇರೆ. ಎರಡು ಸಲ ಹೋಗಿ ಬಂದರೂ ಇದು ತಲೆಗೆ ಬಂದಿರಲಿಲ್ಲ. ಅಜ್ಜಿ ಎದುರಿಗೇ ಇದ್ದಾರೆ ಎಂಬಂತೆ ನಾನು ಗಟ್ಟಿಯಾಗಿಯೇ ಆಡಿಬಿಟ್ಟೆ.

"ಅಜ್ಜಿ, ನಿಮ್ ಕಟ್ಳೆ ಮೀರಬ್ಯಾಡ್ರಿ. ಇಸ್ಕೂಲೂ ಹಟ್ಟಿಗೆ ಹೊರಗೇ ಐತಲ್ಲ? ಅಲ್ಲಿ ಮಲಗಿಸ್ರಿ. ಈಗ್ಲೇ ಮಲಗಿಸ್ರಿ."

ಬಾಷಾ ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಹೊಸದುರ್ಗದಾಗೆ ನಿಂತು ಹೇಳಿದ್ರೆ ರಾಮಗಿರಿ ಅಜ್ಜಿಗೆ ಕೇಳಸ್ತೈತೇನ್ರಿ ಸಾರ್?" ಎಂದು ನಕ್ಕ. ನನಗೂ ನಾಚಿಕೆಯಾಯಿತು. ಆಗ ದೀಪ ಹಚ್ಚುವ ಹೊತ್ತು. ಆಮೇಲೆ ಸ್ವಲ್ಪ ಸಮಾಧಾನವಾಯಿತು ಎಂದೇನೂ ಇಲ್ಲ. ಜೀಪಿನಲ್ಲೇ ಮಲಗಿ ಬೆಳಗು ಮಾಡಿದೆ. ಬೆಳಗ್ಗೆ ಜೀಪು ಸರಿಯಾಗುವಷ್ಟರಲ್ಲಿ ಬಾಷಾ ನನ್ನನ್ನು ಒತ್ತಾಯದಿಂದ ಒಬ್ಬ ಕಾಂಪೌಂಡರ್ ಮನೆಗೆ ಕರೆದುಕೊಂಡು ಹೋದ. ಅವರು ಕೆಂಪು ರುಮಾಲು ಬಿಚ್ಚಿ, ಔಷಧಿ ಹಚ್ಚಿ, ಬಿಳಿ ಪಟ್ಟಿ ಕಟ್ಟಿದರು.

ರಾಮಗಿರಿಯ ಗುಡ್ಡ ಕಾಣುವ ಹೊತ್ತಿಗೆ ಹೊಗೆಯೂ ಕಂಡಿತು. ಎಲ್ಲಿಂದ ಏಳುತ್ತಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಬಾಷಾ ಜೀಪಿನ ವೇಗ ಹೆಚ್ಚಿಸಿದ. ನಾವು ಹೋಗುವಾಗ ಬಣವೆ ಮುಕ್ಕಾಲು ಸುಟ್ಟು ಕುಸಿದಿತ್ತು. ಗುಡಿಸಲು ಇದ್ದ ಜಾಗದಲ್ಲಿ ಗುಡಿಸಲು ಇರಲಿಲ್ಲ. ಕಪ್ಪು ಕಂಬಗಳು, ಮಂಚದ ಸುಟ್ಟ ಕಾಲುಗಳು, ನಡುವೆ ಒಡೆದ ಕೆಂಡದ ಮಡಕೆ. ಗಂಡಸರು ಬಾವಿಯಿಂದ ಕೊಡಗಳಲ್ಲಿ ನೀರು ತಂದು ಎರಚುತ್ತಿದ್ದರು. ಬೂದಿಯನ್ನು ಗಡಿಗೆಗೆ ಹಾಕುವುದನ್ನು ಯಾವುದೋ ಮನೆಯವರು ಮರೆತಿದ್ದರು, ಅಷ್ಟೇ. ನಾನು ಪಂಪಿನ ಹತ್ತಿರ ಹೋಗಲಿಲ್ಲ. ಬಾಷಾನೇ ಪೈಪು ಎಳೆದು ಬಾವಿಗೆ ಇಳಿಬಿಟ್ಟ. ನಾನು ಆ ಮಂಚದ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ ಎಂಬುದು ಯಾಕೋ ನೆನಪಾಯಿತು.

ಯಾರೋ ಹಿಂದಿನಿಂದ ಭುಜ ಮುಟ್ಟಿದರು. ಸಿದ್ದಜ್ಜಿ. ಮುಖದ ತುಂಬ ಮಸಿ. ರಸ್ತೆಯ ಆಚೆಗೆ ಕೈ ತೋರಿಸಿದರು. ಶಾಲೆಯ ಜಗಲಿಯ ಮೇಲೆ ಈರಮ್ಮ ಕೂಸನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅಲ್ಲೇ ಕಲ್ಲಿನ ಮೇಲೆ ಕುಳಿತೆ.

"ನಿನ್ ಮಾತು ಕೇಳಿದ್ದು ಒಳ್ಳೇದಾತು ಕಣಪ್ಪ" ಎಂದರು ಅಜ್ಜಿ. "ನಿನ್ನೆ ಹೊತ್ತು ಮುಳುಗೋ ಹೊತ್ನಾಗೆ ಬಂದು, ಇಸ್ಕೂಲೂ ಹೊರಗೇ ಐತಲ್ಲಜ್ಜಿ ಅಂದ್ಯಲ್ಲ. ನಂಗೂ ಹೌದಲ್ಲ ಅನ್ನಿಸ್ತು. ಆದ್ರೆ ಅದೇನ್ ಅವಸರನಪ್ಪ ನಿಂದು? ಮಜ್ಜಿಗೆ ತರಾದ್ರಾಗೆ ಹೊಂಟೇ ಹೋಗಿದ್ದಿ."

ನಾನು ಬಂದಿರಲಿಲ್ಲ, ಹೊಸದುರ್ಗದಲ್ಲಿದ್ದೆ ಎಂದೆ. ಅಜ್ಜಿ ನಕ್ಕರು. ಬೆಂಕಿ ನೋಡಿ ನಿನಗೆ ತಲೆ ತಿರುಗಿದೆ ಎಂದರು. ಅಷ್ಟರಲ್ಲಿ ನನ್ನ ಕೈಯನ್ನು ಎತ್ತಿ ನೋಡಿ, ತೀರ ಸಾಮಾನ್ಯವಾಗಿ ಕೇಳಿದರು.

"ಕೆಂಪು ಬಟ್ಟೆ ಬಿಚ್ಚಿ ಬಿಳೇದು ಕಟ್ಟಿಸ್ಕಂಡ್ಯಾ? ನೋವು ಕಮ್ಮಿ ಆತಾ?"

ಪೈಪು ಸುತ್ತುತ್ತಿದ್ದ ಬಾಷಾನ ಕೈ ನಿಂತಿತು. ಅವನು ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ.

ನಾನು ಸುಮ್ಮನೆ ಬಿಡಲಿಲ್ಲ ಎಂಬುದನ್ನು ಓದುಗರು ನಂಬಬೇಕು. ಬೆಂಕಿಯ ಕಾರಣ ಹುಡುಕುವ ಹಾಗೆಯೇ ಹುಡುಕಿದೆ. ಠಾಣೆಯಿಂದ ಆ ದಿನ ಬೇರೆ ಯಾರನ್ನೂ ಕಳುಹಿಸಿರಲಿಲ್ಲ. ಶಾಲೆಯ ಮೇಷ್ಟ್ರು ರಜೆಗೆ ತಮ್ಮ ಊರಿಗೆ ಹೋಗಿದ್ದರು. ಉಪಾಯ ಅಜ್ಜಿಗೇ ಹೊಳೆದು, ನನ್ನ ಹೆಸರಿಗೆ ಹಚ್ಚಿರಬಹುದು ಎಂದುಕೊಂಡೆ. ಆದರೆ ಈರಮ್ಮನೂ ನನ್ನನ್ನು ನೋಡಿದ್ದಳು. ಗುಡಿಸಲಿನ ಬಾಗಿಲಿನಿಂದ ನೋಡಿದೆ, ಬೆಳಕು ಕಡಿಮೆಯಿತ್ತು, ಆದರೆ ದನಿ ನಿಮ್ಮದೇ ಅಣ್ಣ ಎಂದಳು. ದನಿ ಯಾರದಾದರೂ ಹೋಲಬಹುದು. ಖಾಕಿ ಬಟ್ಟೆ ಹಾಕಿದವರೆಲ್ಲ ಮಬ್ಬಿನಲ್ಲಿ ಒಂದೇ ಥರ ಕಾಣಬಹುದು. ಇಷ್ಟನ್ನು ಹೇಗೋ ಸರಿದೂಗಿಸಿದರೂ ಆ ಕೆಂಪು ರುಮಾಲಿನ ಹತ್ತಿರ ಬಂದು ನಿಲ್ಲುತ್ತೇನೆ. ಅದನ್ನು ಕಟ್ಟಿದ್ದು ಮಂಗಳವಾರ ಮಧ್ಯಾಹ್ನದ ಮೇಲೆ, ಬಿಚ್ಚಿದ್ದು ಬುಧವಾರ ಬೆಳಗ್ಗೆ. ಎರಡೂ ಹೊಸದುರ್ಗದಲ್ಲಿ.

ಆ ಬುಧವಾರ ಠಾಣೆಗೆ ಹಿಂದಿರುಗುವಾಗ ಬಾಷಾ ಹೊಳಲ್ಕೆರೆ ದಾಟಿದ ಮೇಲೆ, "ನೀವು ನನ್ ಪಕ್ಕದಾಗೇ ಇದ್ರಿ ಸಾರ್. ಯಾರ್ ಕೇಳಿದ್ರೂ ಆಣೆ ಮಾಡಿ ಹೇಳ್ತೀನಿ. ಇನ್ನೊಂದ್ಸಲ ಕೇಳಬ್ಯಾಡ್ರಿ" ಎಂದ. ನಾನು ಮೊದಲನೆಯ ಸಲವೂ ಕೇಳಿರಲಿಲ್ಲ.

ಇದು ಒಳ್ಳೆಯದರಲ್ಲಿ ಮುಗಿದ ಕಥೆ, ನೆಮ್ಮದಿ ಪಡಬೇಕು ಎಂದು ಕೆಲವರು ಹೇಳಿದ್ದಾರೆ. ನನಗೆ ನೆಮ್ಮದಿ ಸಿಕ್ಕಿಲ್ಲ. ಕೆಲವು ಕಾಲದ ನಂತರ ಆದಿವಾಲದ ಕಡೆ ಒಂದು ತೋಟದ ಮನೆಗೆ ಬೂದಿಯ ಮಾತು ಹೇಳಲು ಹೋಗಬೇಕಾಗಿತ್ತು. ಶುಕ್ರವಾರ. ಹಿರಿಯೂರಿನಲ್ಲಿ ಕೆಲಸ ಮುಗಿಯದೆ ಅಲ್ಲೇ ಉಳಿದೆ. ಸಂಜೆ ಅದೇ ಥರದ ಚಡಪಡಿಕೆ ಶುರುವಾಯಿತು. ಈ ಸಲ ನಾನು ನಾಚಿಕೆ ಬಿಟ್ಟು, ಪ್ರವಾಸಿ ಮಂದಿರದ ಹಿಂದೆ ಒಬ್ಬನೇ ನಿಂತು, ಹೇಳಬೇಕಾದ್ದನ್ನೆಲ್ಲ ಗಟ್ಟಿಯಾಗಿ, ಎರಡೆರಡು ಸಲ ಹೇಳಿದೆ. ಶನಿವಾರ ಬೆಳಗ್ಗೆ ಆ ಮನೆ ಸುಟ್ಟಿತು. ಕಟ್ಟಿದ್ದ ಒಂದು ಜೊತೆ ಎತ್ತು ಹೋದವು. ಹಿಂದಿನ ಸಂಜೆ ಯಾರಾದರೂ ಬಂದಿದ್ದರೇ ಎಂದು ಮನೆಯ ಯಜಮಾನನನ್ನು ಕೇಳಿದೆ. ಯಾರೂ ಬಂದಿರಲಿಲ್ಲ. ನಾನು ಯಾಕೆ ಹಾಗೆ ಕೇಳುತ್ತಿದ್ದೇನೆ ಎಂದು ಅವನಿಗೆ ಅರ್ಥವಾಗಲಿಲ್ಲ, ನಾನೂ ಹೇಳಲಿಲ್ಲ. ಅಂದಿನಿಂದ ಮಂಗಳವಾರ, ಶುಕ್ರವಾರ ಸಂಜೆ ನಾನು ಒಂದು ಕಡೆ ಕೂರುವವನಲ್ಲ. ಜೀಪು ಕೆಟ್ಟರೆ ಸೈಕಲ್, ಸೈಕಲ್ ಸಿಗದಿದ್ದರೆ ನಡಿಗೆ.

ಒಂದು ಮಾತು ಉಳಿಯಿತು. ಆ ಬುಧವಾರ ನಾವು ಹಟ್ಟಿಯಿಂದ ಹೊರಡುವಾಗ ಸಿದ್ದಜ್ಜಿ ಶಾಲೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿದರು. ಒಳಗೆ ಕೂಸು ಅಳುತ್ತಿತ್ತು. ಅಜ್ಜಿ ಒಂದು ಚೆಂಬು ಮಜ್ಜಿಗೆ ತಂದು ಕೊಟ್ಟರು. ಕುಡಿದೆ. ಮತ್ತೆ ಚೆಂಬು ತುಂಬಿ ಮುಂದೆ ಹಿಡಿದರು. ಸಾಕು ಅಜ್ಜಿ ಎಂದೆ.

"ಸಾಕಂದ್ರೆ ಹೆಂಗಪ್ಪ? ಈಗ ಕುಡಿದಿದ್ದು ಇವತ್ತಿಂದು. ನಿನ್ನೇದು ಹಂಗೇ ಐತೆ, ಕುಡಿ."

ಕುಡಿದೆ. ಆ ಎರಡನೆಯ ಚೆಂಬನ್ನು ಯಾರ ಬದಲಿಗೆ ಕುಡಿದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.