ಬೆಳಗಿನ ರಕ್ತ

ಬೇಕರಿಯಲ್ಲಿ ಅವನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಒಲೆಯ ಮುಂದೆ ನಿಲ್ಲುವವನಾದ್ದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಿದ್ದರು. ಒಂದು ವಾರ ಅವನ ಕೈಕೆಳಗೆ ಕೆಲಸ ಮಾಡಿದ ಮೇಲೆ ಹಾಗೆ ತಿಳಿಯುವವರು ಯಾರೂ ಉಳಿಯುತ್ತಿರಲಿಲ್ಲ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೇಗ ಬಂದು ಬೇಗ ಹೋಗುವ ಸಿಟ್ಟನ್ನು ಜನ ಕ್ಷಮಿಸುತ್ತಾರೆ. ಇವನದು ಬಂದು, ಕೂತು, ಕಾಲು ಚಾಚಿ, ಅಲ್ಲೇ ಸಂಸಾರ ಹೂಡುವ ಜಾತಿಯದು. ಹಿಟ್ಟು ನಾದುವವನು ಎಂದೋ ಒಮ್ಮೆ ಉಪ್ಪು ಮರೆತನೆಂದು ಕೆಂಡ ಅವನೊಡನೆ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಮೇಜಿನ ಆಚೀಚೆ ನಿಂತು ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದರು.

ಕೆಲಸದಲ್ಲಿ ಮಾತ್ರ ಅವನಿಗೆ ಬೆರಳು ತೋರಿಸುವಂತಿರಲಿಲ್ಲ. ಊರು ಬಾಗಿಲು ಹಾಕಿಕೊಳ್ಳುವಾಗ ಅವನು ಅಂಗಿ ತೊಟ್ಟು ಹೊರಡುತ್ತಿದ್ದ. ಬೀದಿಯವರು ಹಲ್ಲುಜ್ಜುತ್ತ ಹೊಸಲಿಗೆ ಬರುವಾಗ ರೊಟ್ಟಿಯ ವ್ಯಾನುಗಳನ್ನು ಕಳಿಸಿ ಮನೆಗೆ ಮರಳುತ್ತಿದ್ದ. ಹುಬ್ಬಿನ ಕೂದಲು ಅರ್ಧ ಸುಟ್ಟಿರುತ್ತಿತ್ತು. ಕಾದ ತಟ್ಟೆಗಳನ್ನು ಎಳೆದೂ ಎಳೆದೂ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು. ಊರಿಗೆಲ್ಲ ಹಗಲಾದರೆ ಅವನಿಗೆ ರಾತ್ರಿ.

ಆ ರಾತ್ರಿಯನ್ನು ಕಳೆಯಲು ಅವನಿಗೊಂದು ಕೋಣೆಯಿತ್ತು. ಮನೆಯಲ್ಲಿದ್ದದ್ದೇ ಒಂದು ಹಜಾರ, ಒಂದು ಅಡುಗೆಮನೆ, ಒಂದು ಒಳಕೋಣೆ. ಒಳಕೋಣೆಗೆ ಬೀದಿಯ ಕಡೆ ಕಿಟಕಿಯಿರಲಿಲ್ಲ. ಕತ್ತಲು, ತಂಪು, ಸದ್ದಿಲ್ಲ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಅತ್ತೆ ಒಂದು ಟ್ರಂಕು, ಒಂದು ಟೀವಿ, ಎರಡು ಮೊಣಕಾಲುನೋವು ಸಮೇತ ಇವರ ಮನೆಗೆ ಬಂದರು. ಅವನು ಕೆಲಸದಿಂದ ಬಂದು ನೋಡಿದರೆ ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು, ಅವನ ಹಾಸಿಗೆ ಹಜಾರಕ್ಕೆ ಬಂದಿತ್ತು. ಹೆಂಡತಿ ಕೇಳಿದ್ದರೆ ಅವನು ಬೇಡ ಎನ್ನುತ್ತಿದ್ದನೋ ಇಲ್ಲವೋ, ಅವಳು ಕೇಳಲಿಲ್ಲ. ಅವನೂ ಏನೂ ಅನ್ನಲಿಲ್ಲ. ಕುಕ್ಕರಿನ ಸೀಟಿ, ಟೀವಿಯ ಗಲಾಟೆ, ಬಾಗಿಲು ಬಡಿಯುವ ಮಾರಾಟಗಾರರ ನಡುವೆ ಕಣ್ಣುಮುಚ್ಚಿ ಬಿದ್ದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡ.

ಅಂದಿನಿಂದ ರಜೆಯ ದಿನಗಳಲ್ಲೂ ಅವನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ. ಹೆಂಡತಿ ಭುಜ ಮುಟ್ಟಿದರೆ ಸುಸ್ತು ಎನ್ನುತ್ತಿದ್ದ. ಸುಸ್ತು ಇದ್ದದ್ದು ಸುಳ್ಳಲ್ಲ. ಸುಳ್ಳಲ್ಲದ ನೆಪ ಸಿಕ್ಕರೆ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಅವಳು ಮೊದಲು ರೇಗಿದಳು, ಆಮೇಲೆ ಅತ್ತಳು, ಆಮೇಲೆ ಭುಜ ಮುಟ್ಟುವುದನ್ನೇ ಬಿಟ್ಟಳು. ತನ್ನಲ್ಲೇನೋ ಕುಂದಿದೆ ಎಂದು ಕನ್ನಡಿಯ ಮುಂದೆ ಹೊತ್ತು ಕಳೆದಳು. ಕಡೆಗೆ ತಡೆಯಲಾರದೆ ತಂಗಿಯ ಹತ್ತಿರ ಹೇಳಿಕೊಂಡಳು.

ತಂಗಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೆ? ಅದು ಅವಳ ಗಂಡನ ಕಿವಿಗೆ ಬಿತ್ತು. ಈ ಷಡ್ಡಕ ಜಿಮ್ ನಡೆಸುವವನು. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದ ಆಳು. ಡಬ್ಬಿಗಳಲ್ಲಿ ಪುಡಿ ಮಾರುತ್ತಿದ್ದ, ಅದರ ಜೊತೆಗೆ ಮನೆಯಲ್ಲೇ ಗಂಡಸರ ಹಾರ್ಮೋನು ಪರೀಕ್ಷಿಸಿಕೊಳ್ಳುವ ಪೆಟ್ಟಿಗೆಯನ್ನೂ. ಕೆಂಡನಿಗೂ ಅವನಿಗೂ ಮದುವೆಯ ದಿನದಿಂದ ಎಣ್ಣೆ ಸೀಗೆಕಾಯಿ. ಒಬ್ಬ ಮನೆಯ ಅಳಿಯನಿಗೆ ಇನ್ನೊಬ್ಬ ಅಳಿಯನ ಸೋಲಿನಷ್ಟು ರುಚಿಯಾದದ್ದು ಜಗತ್ತಿನಲ್ಲಿ ಇಲ್ಲ. ಕೆಂಡನ ರಜೆಯ ದಿನ ನೋಡಿಕೊಂಡು ಹೆಂಡತಿಯ ಸಮೇತ ಊಟಕ್ಕೆ ಬಂದವನು, ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗಲೇ ಪೆಟ್ಟಿಗೆಯನ್ನು ನೀರಿನ ಜಗ್ಗಿನ ಪಕ್ಕದಲ್ಲಿಟ್ಟ.

"ಭಾವ, ತಪ್ಪು ತಿಳ್ಕೋಬೇಡಿ. ಈ ವಯಸ್ಸಲ್ಲಿ ಕೆಲವರಿಗೆ ಇಳಿದುಹೋಗುತ್ತೆ. ನಾಚಿಕೆ ಯಾಕೆ, ನಾವೆಲ್ಲ ಮನೆಯವರೇ."

ಅತ್ತೆ ತಟ್ಟೆಯೊಳಗೆ ಏನನ್ನೋ ಹುಡುಕತೊಡಗಿದರು. ನಾದಿನಿ ಸೆರಗಿನ ಅಂಚು ನೋಡಿಕೊಂಡಳು. ಹೆಂಡತಿಯ ತಲೆ ತಗ್ಗಿತ್ತು. ತನ್ನ ಹಾಸಿಗೆಯ ಸಂಗತಿ ಇಲ್ಲಿ ಕೂತ ಎಲ್ಲರಿಗೂ ಗೊತ್ತಿದೆ ಎಂಬುದು ಕೆಂಡನಿಗೆ ಆಗ ತಿಳಿಯಿತು. ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ಎಸೆದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡಂತೆ ಆಗುತ್ತಿತ್ತು. ಅದಕ್ಕೇ ಅದನ್ನು ತನ್ನ ಕಡೆ ಎಳೆದುಕೊಂಡು, ಅನ್ನ ಕಲಸುವುದನ್ನು ಮುಂದುವರಿಸಿದ.

ಬೆಳಿಗ್ಗೆ, ತಿಂಡಿಗೆ ಮುಂಚೆ ರಕ್ತ ತೆಗೆಯಬೇಕು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಮರುದಿನ ರಾತ್ರಿಯೆಲ್ಲ ದುಡಿದು, ಬೆಳಿಗ್ಗೆ ಮನೆಗೆ ಬಂದವನೇ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಬಿಚ್ಚಿದ. ತಿಂಡಿ ತಿಂದಿರಲಿಲ್ಲ, ಹೊರಗೆ ಬಿಸಿಲು ಬಂದಿತ್ತು, ಹೇಳಿದ್ದನ್ನೆಲ್ಲ ಪಾಲಿಸಿದಂತೆಯೇ ಆಯಿತು. ಗುಂಡಿ ಒತ್ತಿದರೆ ಸೂಜಿ ಚುಚ್ಚುವ ಸಣ್ಣ ಸಾಧನ ಅದರಲ್ಲಿತ್ತು. ತೋರುಬೆರಳಿಗೆ ಒತ್ತಿದ, ಚರ್ಮ ಜಗ್ಗಲಿಲ್ಲ. ನಡುಬೆರಳಿಗೆ ಒತ್ತಿದ, ಅಲ್ಲೂ ಅಷ್ಟೆ. ಬೆರಳು ಹಿಸುಕಿಕೊಂಡು ಬೈಯುತ್ತ ನಿಂತವನ ಕೈ ಹಿಡಿಯಲು ಹೆಂಡತಿ ಹತ್ತಿರ ಬಂದಳು.

"ಮುಟ್ಟಬೇಡ," ಎಂದ. "ಇದನ್ನೂ ಹೋಗಿ ತಂಗಿಗೆ ಹೇಳು."

ಅವಳು ಹಿಂದೆ ಸರಿದು ಬಾಗಿಲಿಗೆ ಒರಗಿದಳು. ಕಡೆಗೆ ತಟ್ಟೆ ಹಿಡಿದು ಗೊತ್ತಿಲ್ಲದ ಕಿರುಬೆರಳು ರಕ್ತ ಕೊಟ್ಟಿತು. ಕಾಗದದ ಮೇಲಿನ ದುಂಡು ಗುರುತುಗಳನ್ನು ರಕ್ತದಿಂದ ತುಂಬಿಸಿ, ಒಣಗಿಸಿ, ಲಕೋಟೆಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿದ.

ಫಲಿತಾಂಶ ಅವನಿಗೆ ಬರಲಿಲ್ಲ. ಪೆಟ್ಟಿಗೆ ತರಿಸುವಾಗ ಷಡ್ಡಕ ತನ್ನದೇ ಫೋನ್ ನಂಬರು ಕೊಟ್ಟಿದ್ದ. ಅವನು ಸಾವಿನ ಮನೆಗೆ ಹೊರಟವನ ಮುಖ ಹೊತ್ತು, ಹೊಟ್ಟೆಯಲ್ಲಿ ಮದುವೆ ಮನೆಯ ಸಂಭ್ರಮ ತುಂಬಿಕೊಂಡು ಬಂದ. ಕಡಿಮೆ ಎಂದ. ಕಡಿಮೆಯೆಂದರೆ ಇರಬೇಕಾದ ಗೆರೆಯಿಂದ ಎಷ್ಟೋ ಕೆಳಗೆ ಎಂದು ಅತ್ತೆಗೂ ಕೇಳುವಂತೆ ಹೇಳಿದ. ಗಾಬರಿಯಾಗಬೇಡಿ, ನಮ್ಮ ಜಿಮ್ಮಿನಲ್ಲಿ ಇಂಜೆಕ್ಷನ್ ಕೊಡುವವರಿದ್ದಾರೆ ಎಂದೂ ಸೇರಿಸಿದ. ಕೆಂಡ ಅವನ ತೋಳು ಹಿಡಿದು ಹೊಸಲು ದಾಟಿಸಿದ. ಅಷ್ಟು ದಪ್ಪ ತೋಳು ಸುಮ್ಮನೆ ಬಂತು. ಗೆದ್ದವನಿಗೆ ಜಗಳದ ಅಗತ್ಯವಿರಲಿಲ್ಲ.

ಆದರೆ ಮನೆಯಲ್ಲಿ ಆದದ್ದೇ ಬೇರೆ. ಹೆಂಡತಿ ಹಂಗಿಸಲಿಲ್ಲ, ಅಳಲಿಲ್ಲ. ಹಜಾರದ ಕಿಟಕಿಗೆ ಎರಡು ಪದರ ಕಂಬಳಿ ಹೊಲಿದು ಹಾಕಿದಳು. ಅವನು ಮಲಗುವ ಹೊತ್ತಿಗೆ ತಾಯಿಯನ್ನು ಮೇಲಿನ ಮನೆಯವರ ಹತ್ತಿರ ಕಳಿಸಿದಳು. ಟೀವಿಯ ತಂತಿ ಕಿತ್ತಿಟ್ಟಳು. ಬಾಗಿಲು ಬಡಿಯುವವರನ್ನು ಮೆಟ್ಟಿಲ ಮೇಲೇ ತಡೆದು ಬಾಯಿಗೆ ಬೆರಳಿಟ್ಟು ತೋರಿಸಿದಳು. ಒಂದು ಮಧ್ಯಾಹ್ನ ಅವನು ಕಣ್ಣು ಬಿಟ್ಟಾಗ ತಲೆಯ ಹತ್ತಿರ ಕೂತಿದ್ದಳು.

"ನನ್ನ ಮೇಲೆ ನಿಮಗೆ ಮನಸ್ಸಿಲ್ಲ ಅಂದ್ಕೊಂಡಿದ್ದೆ," ಎಂದಳು. "ನಾನೇನು ತಪ್ಪು ಮಾಡಿದೆ ಅಂತ ದಿನಾ ಹುಡುಕ್ತಿದ್ದೆ. ರಕ್ತದ್ದು ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರ್ತಿದೆ."

ಅವಳ ಕೈ ಅವನ ಹಣೆಯ ಮೇಲಿತ್ತು. ಅವನು ಅದನ್ನು ತಳ್ಳಲಿಲ್ಲ. ಹಾಗೇ ಮತ್ತೆ ನಿದ್ದೆ ಹತ್ತಿತು. ಎರಡು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಬುದ್ಧಿಯಿರುವವನು ಅಲ್ಲಿಗೆ ಬಾಯಿ ಹೊಲಿದುಕೊಂಡು ಬದುಕುತ್ತಿದ್ದ. ಇಷ್ಟೊಂದು ಸುಖ ಕೊಡುವ ಕಾಯಿಲೆಯನ್ನು ಯಾರಾದರೂ ವಾಸಿ ಮಾಡಿಕೊಳ್ಳುತ್ತಾರೆಯೇ?

ಇವನು ಮಾಡಿಕೊಂಡ. ಜಿಮ್ಮಿನ ಹುಡುಗರು ಬೆಳಗಿನ ರೊಟ್ಟಿ ಕೊಳ್ಳಲು ಬೇಕರಿಗೆ ಬರುವವರು. ಅವರಿಗೆ ಷಡ್ಡಕ ಏನು ಹೇಳಿದನೋ, ಅವರು ಇವನನ್ನು ಬೂದಿ ಎಂದು ಕರೆಯತೊಡಗಿದರು. ಎರಡೇ ದಿನದಲ್ಲಿ ಆ ಹೆಸರು ಗಲ್ಲಾಪೆಟ್ಟಿಗೆಯಿಂದ ಒಲೆಯ ತನಕ ಬಂತು. ಹಿಟ್ಟು ನಾದುವವನು ಮಾತಿಲ್ಲದೆ ನಕ್ಕ. ಅದನ್ನು ಮಾತ್ರ ಕೆಂಡನಿಂದ ಸಹಿಸಲಾಗಲಿಲ್ಲ. ಷಡ್ಡಕನ ಮುಖಕ್ಕೆ ಎಸೆಯುವಂಥದ್ದು ಏನಾದರೂ ಬೇಕಿತ್ತು. ಹೆಂಡತಿಗೆ ಹೇಳದೆ ಆಸ್ಪತ್ರೆಗೆ ಹೋದ.

ಡಾಕ್ಟರಮ್ಮ ತಲೆ ಎತ್ತದೆ ಪ್ರಶ್ನೆ ಕೇಳುವ ಪೈಕಿ. ರಕ್ತ ತೆಗೆದಾಗ ಎದ್ದು ಎಷ್ಟು ಹೊತ್ತಾಗಿತ್ತು ಎಂದು ಕೇಳಿದಳು. ಹಿಂದಿನ ದಿನ ಸಂಜೆ ಎದ್ದಿದ್ದೆ ಎಂದ. ಆಗ ತಲೆ ಎತ್ತಿದಳು.

"ಬೆಳಿಗ್ಗೆ ಅಂತ ಬರೆದಿರೋದು ರಾತ್ರಿ ಮಲಗಿ ಏಳೋರಿಗೆ ಕಣ್ರೀ. ನಿದ್ದೆ ಮಾಡಿ ಎದ್ದಾಗ ಆ ಹಾರ್ಮೋನು ಜಾಸ್ತಿ ಇರುತ್ತೆ, ಹೊತ್ತು ಹೋಗ್ತಾ ಹೋಗ್ತಾ ಇಳಿಯುತ್ತೆ. ನೀವು ರಾತ್ರಿಯೆಲ್ಲ ನಿಂತು ಬಂದು ಚುಚ್ಕೊಂಡಿದೀರ."

ಒಂದು ಸಲದ ಪರೀಕ್ಷೆಯನ್ನು ತಾನು ನಂಬುವುದಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಕೂಡಲೇ ಬಂದು ಇಲ್ಲೇ ರಕ್ತ ಕೊಡಿ, ಬೇರೆ ಬೇರೆ ದಿನ ಎರಡು ಸಲ ಕೊಡಿ ಎಂದು ಗದರಿಸಿ ಕಳಿಸಿದಳು. ಅವನು ಹಾಗೇ ಮಾಡಿದ. ಹೆಂಡತಿ ಹೊಲಿದ ಕಂಬಳಿಯ ಕತ್ತಲಲ್ಲಿ ಕಣ್ತುಂಬ ನಿದ್ದೆ ಮಾಡಿ, ಎದ್ದವನೇ ಹೋಗಿ ತೋಳು ಚಾಚಿದ. ಎರಡು ಸಲವೂ ಎಲ್ಲ ಸರಿಯಿತ್ತು. ಈ ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದಳು ಡಾಕ್ಟರಮ್ಮ.

ಅವನು ಮೊದಲು ಹೋದದ್ದು ಮನೆಗಲ್ಲ, ಜಿಮ್ಮಿಗೆ. ನಾಲ್ಕು ಗೋಡೆಗೂ ಕನ್ನಡಿಯಿದ್ದ ಆ ಕೋಣೆಯಲ್ಲಿ, ಹುಡುಗರೆಲ್ಲ ನೋಡುತ್ತಿರುವಾಗ ರಿಪೋರ್ಟನ್ನು ಷಡ್ಡಕನ ಎದೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಓದಿಸಿದ. ಷಡ್ಡಕ ತೊದಲಿದ. ಮಷಿನ್ನು ಬೇರೆ ಬೇರೆ ಇರುತ್ತೆ ಎಂದ. ಹುಡುಗರು ನಕ್ಕದ್ದು ಈ ಸಲ ಅವನನ್ನು ನೋಡಿ. ಕೆಂಡ ಬೀದಿಯುದ್ದಕ್ಕೂ ಎದೆ ಸೆಟೆಸಿಕೊಂಡೇ ನಡೆದ. ಅಷ್ಟು ಖುಷಿಯನ್ನು ಅವನು ಮದುವೆಯ ದಿನವೂ ಪಟ್ಟಿರಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿ ಅವನಿಗಾಗಿ ಮೊಟ್ಟೆ ಬೇಯಿಸುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದ. ಅತ್ತೆಗೆ ಕೇಳಲೆಂದೇ ದನಿ ಎತ್ತಿ, ತನಗೇನೂ ಆಗಿಲ್ಲವೆಂದ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ನಿಧಾನವಾಗಿ ಓದಿದಳು.

"ಹಾಗಾದ್ರೆ ಕಾಯಿಲೆ ಇಲ್ಲ."

"ಇಲ್ಲ."

"ಆಗಲೂ ಇರಲಿಲ್ಲ."

"ಯಾವತ್ತೂ ಇರಲಿಲ್ಲ," ಎಂದ ಮೀಸೆಯ ಮೇಲೆ ಕೈಯಾಡಿಸುತ್ತ. ಹೇಳಿಯಾದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಹಾಗಾದರೆ ಎರಡು ವರ್ಷ ಯಾಕೆ ಎಂದು ಕೇಳಿದಳು. ಸುಸ್ತು ಎನ್ನಬಹುದಿತ್ತು. ಆದರೆ ಗೆದ್ದು ಬಂದವನ ನಾಲಿಗೆಗೆ ಹಿಡಿತವಿರಲಿಲ್ಲ. ಹಳೆಯ ಸಿಟ್ಟು ಕಾದು ಕೂತಿತ್ತು, ಬಾಗಿಲು ತೆರೆದ ಕೂಡಲೇ ಹೊರಗೆ ಬಂತು.

"ನನ್ನ ಒಂದು ಮಾತು ಕೇಳದೆ ಕೋಣೆ ನಿಮ್ಮಮ್ಮನಿಗೆ ಕೊಟ್ಟೆ."

ಅವಳು ಅವನನ್ನೇ ನೋಡಿದಳು. ಕೂಗಾಡುತ್ತಾಳೆಂದು ಕಾದ. ಕೂಗಾಡಿದ್ದರೆ ತಿರುಗಿ ಕೂಗಾಡಬಹುದಿತ್ತು, ಅದು ಅವನಿಗೆ ಗೊತ್ತಿದ್ದ ವಿದ್ಯೆ. ಅವಳು ಕೂಗಾಡಲಿಲ್ಲ.

"ಅಷ್ಟಕ್ಕಾ?" ಎಂದಳು. "ಒಂದು ಸಲ ಬಾಯಿ ಬಿಟ್ಟು ಹೇಳಿದ್ರೆ ಅವತ್ತೇ ಹಾಸಿಗೆ ಒಳಗೆ ಹಾಕ್ತಿದ್ದೆ."

ಅವಳು ಕಾಗದವನ್ನು ಅವನ ಕೈಗೆ ವಾಪಸು ಕೊಟ್ಟಳು.

"ರೋಗ ಆಗಿದ್ರೆ ಸಾಯೋ ತನಕ ನೋಡ್ಕೋತಿದ್ದೆ. ಹಗೇನ ನಾನು ಹೇಗೆ ನೋಡ್ಕೊಳ್ಳಲಿ?"

ಉತ್ತರಕ್ಕೆ ನಿಲ್ಲದೆ ಅವಳು ತಾಯಿಯ ಹತ್ತಿರ ಒಳಗೆ ಹೋದಳು. ಅವನು ಕೆಲಸಕ್ಕೆ ಹೊರಡುವ ಹೊತ್ತಾದರೂ ಹೊರಗೆ ಬರಲಿಲ್ಲ.