ಮಂಡ್ಯದ ಬಿಸಿಲಿಗೆ ಹಿಮದ ಟೈರು

ಮಂಗಳವಾರ ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಬೆಳಿಗ್ಗೆ ಒಂಬತ್ತಕ್ಕೇ ಮುಗಿದಿರಬೇಕು. ಹತ್ತೂವರೆಗೆ ವ್ಯಾನು ಹೊರಡುತ್ತದೆ. ಬೆಳಕವಾಡಿಯ ಆಚೆಗಿನ ನಮ್ಮ ಹಳ್ಳಿಯಿಂದ ಮಳವಳ್ಳಿ, ಅಲ್ಲಿಂದ ಮಂಡ್ಯ. ಹನ್ನೆರಡೂವರೆಗೆ ನನ್ನ ಅತ್ತೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರಬೇಕು. ನಾಲ್ಕು ಗಂಟೆ ಕಾಲ ಯಂತ್ರ ಅವರ ರಕ್ತ ತೊಳೆಯುತ್ತದೆ. ಅವರ ಮೂತ್ರಪಿಂಡ ಕೈಬಿಟ್ಟು ಎರಡು ವರ್ಷವಾಯಿತು. ಎಡಗೈಯ ಮೊಣಕೈ ಹತ್ತಿರ ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದರು. ಯಂತ್ರದ ಸೂಜಿ ಹೋಗುತ್ತಿದ್ದದ್ದು ಅಲ್ಲಿಗೇ. ಆ ಜಾಗದ ಮೇಲೆ ಬೆರಳಿಟ್ಟರೆ ಚರ್ಮದ ಒಳಗೆ ಗುರ್ರ್ ಎಂದು ನಡುಗುತ್ತಿತ್ತು, ಮಲಗಿದ ಬೆಕ್ಕಿನ ಗಂಟಲಿನ ಹಾಗೆ. ನಡುಕ ಇದ್ದರೆ ದಾರಿ ತೆರೆದಿದೆ ಎಂದರ್ಥ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ನಾನು ಬೆರಳಿಟ್ಟು ನೋಡುತ್ತಿದ್ದೆ. ಆ ಕೈಗೆ ಬಳೆ ಇಲ್ಲ, ಭಾರ ಇಲ್ಲ, ಬಿಪಿ ನೋಡುವ ಪಟ್ಟಿಯನ್ನೂ ಸುತ್ತಕೂಡದು. ಪೆಟ್ಟಂತೂ ಬೀಳಲೇಕೂಡದು ಎಂದು ನರ್ಸಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದರು.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನಾನು ಬರೆಯಹೊರಟಿರುವುದು ವ್ಯಾನಿನ ಟೈರಿನ ವಿಷಯ. ಟೈರಿನ ಮೇಲೆ ಒಬ್ಬ ಹೆಂಗಸಿಗೆ ಇಷ್ಟು ಸಿಟ್ಟೇ ಎಂದು ಯಾರೂ ನಗಬಾರದು.

ವ್ಯಾನು ನನ್ನ ಗಂಡನದು. ನಮಗೊಂದು ಸಣ್ಣ ಆಲೆಮನೆ ಇದೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುತ್ತೇವೆ. ಮಿಕ್ಕ ದಿನಗಳಲ್ಲಿ ಹಿಂದಿನ ಸೀಟು ಬಿಚ್ಚಿಟ್ಟು ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಹೋಗುತ್ತದೆ. ಈ ಎರಡು ದಿನ ಸೀಟು ಕೂರಿಸಿ ಅತ್ತೆ. ಬೆಲ್ಲದ ಜಿಗುಟು ಅವರ ಸೀರೆಗೆ ಅಂಟದಿರಲೆಂದು ಸೀಟಿನ ಮೇಲೆ ಹಳೆ ಪಂಚೆ ಹಾಸುವುದು ನಾನು. ಇರುವೆ ಕೊಡವುವುದೂ ನಾನೇ.

ಹೋದ ಮಳೆಗಾಲ ನಾಲೆ ಏರಿಯ ಮಣ್ಣುದಾರಿಯಲ್ಲಿ ಬೆಲ್ಲದ ಸಮೇತ ವ್ಯಾನು ಹೂತುಕೊಂಡಿತು. ಪಕ್ಕದ ಗದ್ದೆಯವರು ಟ್ರ್ಯಾಕ್ಟರ್ ತಂದು ಎಳೆದರು. ಎಳೆದವರು ಸುಮ್ಮನಿರುತ್ತಾರೆಯೇ? "ಬೆಲ್ಲ ತಿಂದು ತಿಂದು ಗಾಡಿಗೂ ಮೈ ಬಂದದೆ ಕಣ್ಲಾ" ಎಂದು ಊರೆಲ್ಲ ಆಡಿಕೊಂಡು ನಕ್ಕರು. ಆ ನಗು ಇವರಿಗೆ ನಾಟಿತು. ಟೈರು ಸವೆದು ಬೋಳಾಗಿ, ಹೊಸದು ಹಾಕಿಸಲೇಬೇಕು ಎನ್ನುವ ಹೊತ್ತಿಗೆ ಇವರ ತಲೆಯಲ್ಲಿದ್ದದ್ದು ಆ ಕೆಸರು ಒಂದೇ.

ಶಿವರಾತ್ರಿ ಕಳೆದ ಮೇಲೆ ಒಂದು ಶುಕ್ರವಾರ, ಅತ್ತೆ ಯಂತ್ರದ ಪಕ್ಕ ಮಲಗಿದ್ದಾಗ, ನಾವಿಬ್ಬರೂ ಮಂಡ್ಯದ ಒಂದು ಟೈರಿನಂಗಡಿಗೆ ಹೋದೆವು. ಅಂಗಡಿಯವನ ಜೇಬಿನಲ್ಲಿ ಮೂರು ಪೆನ್ನು, ಒಂದಕ್ಕೂ ಮುಚ್ಚಳವಿಲ್ಲ. ಜೇಬಿನ ತಳ ನೀಲಿಯಾಗಿತ್ತು. ಮೊದಲು ಒಂದು ಟೈರು ಉರುಳಿಸಿಕೊಂಡು ಬಂದ.

"ಅಣ್ಣಾ, ಇದು ಆಲ್ ಸೀಸನ್. ಮಳೆ, ಬಿಸ್ಲು, ಎಲ್ಲಾ ಕಾಲಕ್ಕೂ ಆಯ್ತದೆ. ಎಲ್ರೂ ಇದ್ನೇ ಆಕಿಸ್ಕತಾರೆ. ಇನ್ನೊಂದದೆ. ಅದ್ನ ಎಲ್ರಿಗೂ ತೋರ್ಸಾಕಿಲ್ಲ."

ಎಲ್ಲರಿಗೂ ತೋರಿಸುವುದಿಲ್ಲ ಎಂದರೆ ಮುಗಿಯಿತು. ಸೀರೆ ಅಂಗಡಿಯಲ್ಲಿ ಈ ಮಾತಿಗೆ ನಾವು ಹೆಂಗಸರು ಸೋಲುತ್ತೇವೆ ಎಂದು ಹಾಸ್ಯ ಮಾಡುವ ನನ್ನ ಗಂಡ, ಅಂಗಡಿಯ ಹಿಂಬದಿಗೆ ಅವನಿಗಿಂತ ಮುಂದಾಗಿ ನಡೆದರು. ಹೊರದೇಶದಿಂದ ಕಂಟೇನರಿನಲ್ಲಿ ಬಂದದ್ದಂತೆ. ಮೈಮೇಲೆಲ್ಲ ಬಿಳಿ ಪುಡಿ. ಗೀರುಗಳು ಆಳವಾಗಿ, ಒತ್ತೊತ್ತಾಗಿ, ಒಂದರ ಒಳಗೆ ಇನ್ನೊಂದು ಕೂದಲೆಳೆಯ ಗೀರು. ಬೆಲೆಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಇವರು ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ಉಗುರು ಇಳಿಯಿತು.

"ಅಬ್ಬಬ್ಬ, ಬೆಣ್ಣೆ ಇದ್ದಂಗದೆ!"

ಇವರು ಬೆಲ್ಲದ ಮನುಷ್ಯ. ಬೇಸಿಗೆಯ ಬಾಯಲ್ಲಿ ಯಾರಾದರೂ ಉಗುರು ಇಳಿಯುವ ಬೆಲ್ಲ ತಂದು ತೋರಿಸಿದರೆ, 'ಇದು ನಿಲ್ಲಾಕಿಲ್ಲ, ಬಿಸ್ಲಿಗೆ ಕರಗೋಯ್ತದೆ' ಎಂದು ತಿರುಗಿಯೂ ನೋಡದೆ ಕಳಿಸುತ್ತಾರೆ. ಅದೇ ಹೆಬ್ಬೆರಳು ರಬ್ಬರಿಗೆ ಇಳಿದಾಗ ಮೆಚ್ಚಿಕೊಂಡಿತು.

ನಾನು ಟೈರಿನ ಪಕ್ಕ ಕೂತು ಕರ್ಚೀಫಿನಿಂದ ಬಿಳಿ ಪುಡಿ ಒರೆಸಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಕ್ಷರಗಳನ್ನೂ ನಮ್ಮಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ದಪ್ಪ ಅಕ್ಷರ ಮಾರುವವನದು, ಸಣ್ಣ ಅಕ್ಷರ ಕೊಳ್ಳುವವಳದು ಎನ್ನುತ್ತಿದ್ದರು. ಟೈರಿನ ಬದಿಯಲ್ಲಿ ಮೂರು ಶಿಖರದ ಪುಟ್ಟ ಬೆಟ್ಟ, ಅದರ ಹೊಟ್ಟೆಯೊಳಗೆ ಒಂದು ಹಿಮದ ಹರಳು. ಪಕ್ಕದಲ್ಲಿ 'ವಿಂಟರ್' ಎಂದು ಇಂಗ್ಲಿಷಿನಲ್ಲಿ. ಇನ್ನೊಂದು ಕಡೆ, ಯಾವ ವಾರ ಯಾವ ವರ್ಷ ತಯಾರಾಯಿತು ಎನ್ನುವ ನಾಲ್ಕು ಅಂಕಿ. ಹಿಂದಿನ ವಾರ ಎರಡೂ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇವನ್ನೆಲ್ಲ ಫೋನಿನಲ್ಲಿ ಓದಿಕೊಂಡಿದ್ದೆ. ನಮ್ಮ ಅತ್ತೆ ಕೂರುವ ಗಾಡಿಯಲ್ಲವೇ!

"ರೀ, ಇದು ಹಿಮ ಬೀಳೋ ದೇಶದ ಟೈರು" ಎಂದೆ, ಮೆಲ್ಲಗೆ. "ಚಳಿಗೆ ಕಲ್ಲಾಗಬಾರದು ಅಂತ ರಬ್ಬರನ್ನ ಮೆತ್ತಗೆ ಮಾಡಿರ್ತಾರೆ. ನಮ್ಮ ಬಿಸಿಲಿಗೆ ಇನ್ನೂ ಮೆತ್ತಗಾಗುತ್ತೆ. ಬೇಗ ಸವೆಯುತ್ತೆ, ಬ್ರೇಕ್ ಹಾಕಿದರೆ ನೆಲ ಹಿಡಿಯಲ್ಲ. ಮಾಡಿದ್ದೂ ಆರು ವರ್ಷದ ಹಿಂದೆ. ಆ ಇನ್ನೊಂದೇ ಇರಲಿ."

ಅಂಗಡಿಯವನು ಉತ್ತರ ಕೊಟ್ಟದ್ದು ನನಗಲ್ಲ, ಇವರಿಗೆ. "ಅಣ್ಣಾ, ಮಂಜುಗಡ್ಡೆ ಮ್ಯಾಲೇ ಜಾರ್ದೇ ಇರೋದು ನಿಮ್ ನಾಲೆ ಏರಿ ಮ್ಯಾಲೆ ಜಾರ್ತದಾ?"

ಇವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ತೊಡೆ ತಟ್ಟಿಕೊಂಡು ನಕ್ಕರು. "ಚಳಿ ತಡ್ಯೋದು ಬಿಸ್ಲು ತಡ್ಯಾಕಿಲ್ವಾ? ಓಗು, ಅವ್ವನ್ ತಾವ್ ಓಗಿ ಕೂತ್ಕೊ. ಟೈರು ಇಂಗ್ಲೀಸಲ್ಲಿ ಓಡಾಕಿಲ್ಲ."

ಅಂಗಡಿಯ ಕೆಲಸದವರೂ ನಕ್ಕರು. "ಅಕ್ಕಾರ್ಗೆ ಒಂದು ಎಳ್ನೀರ್ ಕುಡ್ಸಣ್ಣ, ಬಿಸ್ಲು ಜೋರಾಗದೆ" ಎಂದ ಅಂಗಡಿಯವನು. ಬಿಸಿಲು ಜೋರಾಗಿರುವುದು ಅವನಿಗೂ ಗೊತ್ತಿತ್ತು!

ನಾನು "ಆಯ್ತು ರೀ" ಎಂದು ಎದ್ದು ಆಸ್ಪತ್ರೆಗೆ ಬಂದೆ. ಇವತ್ತಿಗೂ ನನ್ನ ಸಿಟ್ಟಿನ ಒಂದು ಪಾಲು ಆ 'ಆಯ್ತು ರೀ'ಗೆ ಸೇರಿದ್ದು.

ಯುಗಾದಿಗೆ ಮುಂಚೆ ಒಂದು ಮಳೆ ಬಂತು. ಕೆಸರಿನ ಏರಿಯ ಮೇಲೆ ವ್ಯಾನು ಎಲ್ಲೂ ಜಾರದೆ ಬಂತು, ಅದನ್ನು ಇಲ್ಲವೆನ್ನುವುದಿಲ್ಲ. ಇವರು ಅಂಗಳದಲ್ಲಿ ಇಳಿದವರೇ ಒಳಗೆ ಕೂಗಿದರು: "ಏನ್ ಮೇಡಮ್ಮೋರೆ, ಜಾರ್ತಾ?" ನಾನು ಕಾಫಿ ತಂದುಕೊಟ್ಟೆ. ಒಂದು ಮಳೆ. ಆಮೇಲೆ ಎರಡು ತಿಂಗಳು ಆಕಾಶ ಕಾದ ಕಾವಲಿ.

ಬೆಳಿಗ್ಗೆ ಅಂಗಳ ಗುಡಿಸುವಾಗ ವ್ಯಾನು ನಿಲ್ಲುವ ಜಾಗದಲ್ಲಿ ರಾಗಿಕಾಳಿನಷ್ಟು ಕಪ್ಪು ಉಂಡೆಗಳು ಕಾಣತೊಡಗಿದವು. ಮೊದಲು ಇಲಿಯ ಹಿಕ್ಕೆ ಎಂದುಕೊಂಡೆ. ಉಜ್ಜಿದರೆ ಬೆರಳಿಗೆ ಅಂಟಿತು, ಶಾಲೆಯ ರಬ್ಬರಿನಿಂದ ಅಳಿಸಿದಾಗ ಬರುವ ಸುರುಳಿಯ ಹಾಗೆ. ಟೈರಿನ ಗೀರುಗಳ ಅಂಚು ತರಿತರಿಯಾಗಿ ಎದ್ದಿತ್ತು. ಒಂದು ಮುಷ್ಟಿ ತೆಗೆದುಕೊಂಡು ಹೋಗಿ ತೋರಿಸಿದೆ.

"ಟೈರಂದ್ಮ್ಯಾಲೆ ಸವೀತದೆ. ಚಪ್ಲಿ ಸವಿಯಾಕಿಲ್ವಾ? ಗುಡ್ಸಿ ಆಚೆಗಾಕು" ಎಂದರು.

ಅತ್ತೆಗೂ ಗೊತ್ತಾಗಿತ್ತು. ತಿರುವಿನಲ್ಲಿ ವ್ಯಾನು ಒಂದು ಕಡೆಗೆ ಒಲೆದು, ತಡವಾಗಿ ನೆಟ್ಟಗಾಗುತ್ತಿತ್ತು. "ಗಾಡಿ ತೂಗ್ತದೆ ಕಣವ್ವ, ತೊಟ್ಲಲ್ ಕೂತಂಗಾಯ್ತದೆ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಮಗನಿಗೆ ಹೇಳಿದರೆ ಮಗನ ಉತ್ತರ: "ತೊಟ್ಲಾದ್ರೆ ಒಳ್ಳೇದಾಯ್ತಲ್ಲವ್ವ, ನಿದ್ದೆ ಮಾಡು."

ಅದಾದದ್ದು ಒಂದು ಮಂಗಳವಾರ. ಮಳವಳ್ಳಿ ದಾಟಿದ್ದೆವು. ಹನ್ನೊಂದೂವರೆಯ ಬಿಸಿಲು, ರಸ್ತೆಯ ಡಾಂಬರು ಬೆವೆತ ಹಾಗೆ ಹೊಳೆಯುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ರಸ್ತೆಗೆ ಮೂತಿ ಇಟ್ಟು ತಿರುಗಿತು. ದೂರವಿತ್ತು. ಇವರು ಬ್ರೇಕ್ ಒತ್ತಿದ್ದು ಸರಿಯಾದ ಹೊತ್ತಿಗೇ; ಹಿಂದೆ ಕೂತು ನಾನು ನೋಡುತ್ತಿದ್ದೆ. ಆದರೆ ವ್ಯಾನು ನಿಲ್ಲಲಿಲ್ಲ. ಒಣ ರಸ್ತೆಯ ಮೇಲೆ ಕೊಸರಿಕೊಂಡು, ಹಿಂಭಾಗ ಪಕ್ಕಕ್ಕೆ ಎಳೆದು, ಕಬ್ಬಿನ ತುದಿಗಳು ಮುಂದಿನ ಗಾಜಿಗೆ ತಾಗಿದ ಮೇಲೆ ನಿಂತಿತು. ಗಾಜು ಒಡೆಯಲಿಲ್ಲ. ನಾನು ಅತ್ತೆಯ ಸೊಂಟ ಬಳಸಿ ಹಿಡಿದಿದ್ದೆ. ಆದರೂ ಅವರು ಮುಂದಕ್ಕೆ ಜಾರಿದರು. ಅವರ ಎಡಗೈ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಬಡಿಯಿತು.

"ಏನ್ಲಾ, ಗಾಡೀಲಿ ಬ್ರೇಕ್ ಇಲ್ವೇನ್ಲಾ?" ಟ್ರ್ಯಾಕ್ಟರಿನವನು ಮೇಲಿಂದ ಕೂಗಿದ.

"ಬ್ರೇಕ್ ಆಕ್ದೆ ಕಣ್ಲಾ! ಗಾಡಿ ನಿಲ್ನಿಲ್ಲ!"

ಅವರಿಬ್ಬರೂ ಕೂಗಾಡುತ್ತಿರಲಿ ಎಂದು ನಾನು ಅತ್ತೆಯ ಕೈಮೇಲೆ ಬೆರಳಿಟ್ಟೆ. ನಡುಗುತ್ತಿತ್ತು. ಮಂಡ್ಯ ಬರುವಷ್ಟರಲ್ಲಿ ಆ ಜಾಗ ಊದಿ ನೀಲಿಯಾಯಿತು, ನಡುಕ ಸಣ್ಣದಾಯಿತು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಮತ್ತೆ ಮುಟ್ಟಿದೆ. ಬರೀ ಕೈ. ನರ್ಸಮ್ಮ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ನನ್ನ ಮುಖ ನೋಡಿದರು. ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದೆ, ಈ ದಾರಿ ಮುಚ್ಚಿಹೋಯಿತು ಎಂದರು ಡಾಕ್ಟರು. ಅದೇ ದಿನ ಅತ್ತೆಯ ಕತ್ತಿನ ಪಕ್ಕದಲ್ಲಿ ತೂತು ಮಾಡಿ ಎರಡು ಕೊಳವೆ ಇಳಿಸಿದರು.

ಮಾರನೆಯ ದಿನ ಇವರು ಏನು ಮಾಡಿದರು? ಬೂದುಗುಂಬಳಕಾಯಿ ತಂದರು. "ಯಾರ್ದೋ ಕಣ್ ಬಿದ್ದದೆ" ಎಂದು ವ್ಯಾನಿಗೆ ನಿವಾಳಿಸಿ ಒಡೆದರು. ಹೊಸ ಮೆಣಸಿನಕಾಯಿ, ನಿಂಬೆಹಣ್ಣಿನ ಸರ ಕಟ್ಟಿದರು. ನಾಲ್ಕೂ ಟೈರಿನ ಅಡಿಗೆ ನಿಂಬೆಹಣ್ಣಿಟ್ಟು, ಹತ್ತಿ ಕೂತು, ವ್ಯಾನನ್ನು ಒಂದು ಮಾರು ಮುಂದಕ್ಕೆ ಬಿಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾರ ಕಣ್ಣು? ಎರಡು ತಿಂಗಳಿಂದ ಆ ಟೈರನ್ನು ದಿಟ್ಟಿಸಿ ನೋಡಿದ ಕಣ್ಣು ಆ ಮನೆಯಲ್ಲಿ ನನ್ನದೊಂದೇ. ನನ್ನ ಮೈ ಉರಿಯಿತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ಬೇರೆಯವರು ಕೇಳುವ ಹಾಗೆ, ಅಂಗಳದಲ್ಲಿ ಮಾತಾಡಿದೆ.

"ಶುಕ್ರವಾರ ಅತ್ತೆಯನ್ನ ನಾನು ಬಸ್ಸಲ್ಲಿ ಕರಕೊಂಡು ಹೋಗ್ತೀನಿ."

"ಕತ್ತಲ್ಲಿ ಪೈಪಿಟ್ಕಂಡು ಬಸ್ಸಾ? ತಲೆ ಕೆಟ್ಟದಾ ನಿಂಗೆ?"

ಒಳಗಿನ ಮಂಚದಿಂದ ಅತ್ತೆಯ ದನಿ ಬಂತು. "ನನ್ ಕತ್ತು ಕಣ್ಲಾ ಅದು. ಆ ಗಾಡಿ ನಾನ್ ಅತ್ತಾಕಿಲ್ಲ."

"ಅವ್ವಾ, ನೀನ್ ಸುಮ್ಕಿರು..."

"ನೀನ್ ಸುಮ್ಕಿರ್ಲಾ. ಅವ್ಳು ಓದಿ ಏಳ್ದಾಗ ಅಲ್ಲು ಕಿಸ್ಕಂಡು ನಿಂತಿದ್ದಂತಲ್ಲ. ಈಗ ಗಾಡಿಗೆ ನಿಂಬೆಣ್ ತಿನ್ನುಸ್ತಾನೆ!"

ಶುಕ್ರವಾರ ನಾವಿಬ್ಬರೂ ಬಸ್ಸು ಹತ್ತಿದೆವು. ಅತ್ತೆಯ ಕತ್ತಿಗೆ ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಸುತ್ತಿದ್ದೆ. ಕಂಡಕ್ಟರು ನೋಡಿದವನೇ ಮುಂದಿನ ಸೀಟು ಬಿಡಿಸಿಕೊಟ್ಟ. ಮಳವಳ್ಳಿಯಲ್ಲಿ ಬಸ್ಸು ಬದಲಿಸುವಾಗ ಹಿಂದೆ ನೋಡಿದರೆ, ಖಾಲಿ ವ್ಯಾನು ಬರುತ್ತಿತ್ತು. ಮಂಡ್ಯದವರೆಗೂ ಬಸ್ಸಿನ ಬಾಲಕ್ಕೇ ಬಂತು. ಅತ್ತೆ ಕಿಟಕಿಯಲ್ಲಿ ಇಣುಕಿ, "ಬತ್ತಾ ಅವ್ನೆ ನೋಡು, ತಾಯಿ ಬುಟ್ಟೋದ್ ಕರ ಇದ್ದಂಗೆ" ಎಂದರು. ನನಗೆ ನಗು ಬರಲಿಲ್ಲ.

ಅತ್ತೆಯನ್ನು ಯಂತ್ರಕ್ಕೆ ಒಪ್ಪಿಸಿ ಹೊರಬಂದಾಗ ಇವರು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡದೆ, "ಬಾ, ಟೈರ್ ನೋಡು" ಎಂದರು. ಅಷ್ಟೇ. ಹೋದೆ.

ಅದೇ ಅಂಗಡಿ. ಈ ಸಲ ಕುರ್ಚಿ ತಂದಿಟ್ಟರು; ನಾನು ಕೂರಲಿಲ್ಲ. ಆಲ್ ಸೀಸನ್ ಟೈರು ನಾಲ್ಕನ್ನೂ ಕೆಳಗೆ ಮಲಗಿಸಲು ಹೇಳಿ, ಒಂದೊಂದರ ಮೈಮೇಲಿನ ಅಕ್ಷರವನ್ನೂ ತಯಾರಾದ ವಾರವನ್ನೂ ಓದಿದೆ. ಒಂದು ಹಳೆಯದಿತ್ತು, ಬದಲಿಸಲು ಹೇಳಿದೆ. ಬದಲಿಸಿದರು. ಕಳಚಿಟ್ಟ ಹಿಮದ ಟೈರುಗಳು ಮೂಲೆಯಲ್ಲಿ ಬಿದ್ದಿದ್ದವು, ಇಲಿ ಕಡಿದ ಹಾಗೆ ಅಂಚೆಲ್ಲ ಹರಿದು. ಅಂಗಡಿಯವನು ಅವನ್ನು ಕಾಲಿನಿಂದ ತಳ್ಳಿ, ಬಹಳ ಕನಿಕರದಿಂದ ನನ್ನ ಕಡೆ ತಿರುಗಿದ.

"ಮೊದ್ಲೇ ಒಂದ್ ಮಾತ್ ಏಳ್ಬಾರ್ದಾಗಿತ್ತಾ ಅಕ್ಕಾ? ನಾನೇ ಇದ್ನ ಕೊಟ್ಬುಡ್ತಿದ್ದೆ."

ಆ ಕ್ಷಣ ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ಎಸೆದುಬಿಡುತ್ತಿದ್ದೆನೋ ಏನೋ. ಇದ್ದದ್ದು ಕರ್ಚೀಫು. ಗಂಡನ ಕಡೆ ತಿರುಗಿದೆ.

"ನೀವು ಹೇಳಿ. ನಾನು ಹೇಳಿದ್ನೋ ಇಲ್ವೋ?"

ಸ್ಪ್ಯಾನರು ಹಿಡಿದಿದ್ದವರು ನಿಂತರು. ಇವರು ಜಾಕನ್ನು ನೋಡುತ್ತ, ಅದಕ್ಕೇ ಹೇಳುವವರಂತೆ ಹೇಳಿದರು: "ಏಳಿದ್ಲು ಕಣಯ್ಯ. ಕೂತ್ಕಂಡು ಓದಿ ಏಳಿದ್ಲು. ನಾವೇ ನಗಾಡುದ್ವಿ."

ಅಂಗಡಿಯವನು ಜೇಬಿನ ಪೆನ್ನು ತೆಗೆದು ಮತ್ತೆ ಜೇಬಿಗೇ ಇಟ್ಟ.

ಆ ಸಂಜೆ ಅತ್ತೆ ವ್ಯಾನಿನಲ್ಲೇ ಮನೆಗೆ ಬಂದರು. ತಿರುವಿನಲ್ಲಿ ಗಾಡಿ ತೂಗಲಿಲ್ಲ. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಇವರು ಅಂದುಕೊಂಡಿದ್ದಾರೆ. ನಾಲ್ಕು ಜನರ ಮುಂದೆ ಒಪ್ಪಿಕೊಂಡರಲ್ಲ, ಇನ್ನೇನು ಬೇಕು ಎಂದು ನನ್ನ ಅಕ್ಕನೂ ಫೋನಿನಲ್ಲಿ ಕೇಳಿದಳು.

ಮುಂದಿನ ತಿಂಗಳು ಅತ್ತೆಯ ಬಲಗೈಗೆ ಆಪರೇಷನ್. ಅಲ್ಲಿ ದಾರಿ ಬಲಿತು ಸೂಜಿ ಹಿಡಿಯಲು ಇನ್ನೆರಡು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ಕತ್ತಿನ ಕೊಳವೆ. ಅದಕ್ಕೆ ನೀರು ತಾಗಕೂಡದು; ತಲೆಗೆ ಸ್ನಾನವಿಲ್ಲ. ದಿನಾ ನಾನು ಬಿಸಿನೀರಲ್ಲಿ ಬಟ್ಟೆ ಹಿಂಡಿ ಅವರ ಕೂದಲನ್ನು ಎಳೆ ಎಳೆಯಾಗಿ ಒರೆಸುತ್ತೇನೆ. ನಿನ್ನೆ ಒರೆಸುವಾಗ ಕೈ ಬಿರುಸಾಯಿತೇನೋ.

"ಬುಡವ್ವ ಅತ್ಲಾಗೆ" ಎಂದರು. "ಅವ್ನೂ ಒಪ್ಕಂಡ್ನಲ್ಲ."

"ಒಪ್ಪಿಕೊಂಡರು ಅತ್ತೆ. ನಿಮ್ಮ ಕೈ?"

ಅವರು ಆ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಈಗ ಅದಕ್ಕೆ ಬಳೆ ಹಾಕಬಹುದು, ಬಿಂದಿಗೆ ಎತ್ತಬಹುದು, ಯಾವ ನಿಷೇಧವೂ ಇಲ್ಲ. ಸೆರಗಿನಿಂದ ಮುಚ್ಚಿಕೊಂಡರು.

"ಆ ಕ್ವಾಪಾನ ಒಸಿ ಸಾರಿಗಾದ್ರೂ ಆಕು ಮಗ. ಉಪ್ಪಿಲ್ದೆ ತಿಂದು ತಿಂದು ನಾಲ್ಗೆ ಸತ್ತೋಗದೆ."

ನಕ್ಕೆ. ನಕ್ಕರೂ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.